ಹೆಚ್ಚು ಓಡದ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ದೋಷ ಕಂಡಾಗ: ದೀಪ ಆರಿಸುವ ಮುನ್ನ ಮಾಡಬೇಕಾದ ಕೆಲಸಗಳು

ಒಂದೆರಡು ವರ್ಷ ಮಾತ್ರ ಓಡಿದ, ಸೀಟಿನ ಬಟ್ಟೆಯೂ ಮಾಸದ ಕಾರನ್ನು ಕೊಂಡವರು ಹತ್ತು ವರ್ಷದ ಕಾರು ಕೊಂಡವರಷ್ಟು ಎಚ್ಚರದಿಂದ ಇರುವುದಿಲ್ಲ. ಹಳೆಯ ಕಾರು ಏನಾದರೊಂದು ಖರ್ಚು ತಂದೀತೆಂದು ಮನಸ್ಸು ಮೊದಲೇ ಸಿದ್ಧವಾಗಿರುತ್ತದೆ. ಹೊಸದರಂತೆ ಕಾಣುವ ಕಾರಿನ ವಿಷಯದಲ್ಲಿ ಆ ಸಿದ್ಧತೆ ಇರುವುದಿಲ್ಲ. ಆದ್ದರಿಂದಲೇ ಕೊಂಡ ಎರಡನೆಯ ವಾರದಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡರೆ ಗಾಬರಿಯಿಂದ ಹತ್ತಿರದ ಗ್ಯಾರೇಜಿಗೆ ಹೋಗಿ, ಮೊದಲು ಆ ದೀಪವನ್ನು ಆರಿಸಿಕೊಡಿ ಎಂದು ಕೇಳುತ್ತೇವೆ. ಮುಂದಿನ ತೊಂದರೆಗಳು ಅನೇಕ ವೇಳೆ ಶುರುವಾಗುವುದು ಆ ಕೋರಿಕೆಯಿಂದಲೇ. ದೀಪ ಆರಿಸುವುದೆಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡ ದೋಷದ ದಾಖಲೆಯನ್ನು ಅಳಿಸುವುದು. ಅದು ಅಳಿಸಿಹೋದರೆ ಮೆಕ್ಯಾನಿಕ್‌ಗೆ ಕಾರಣ ಹುಡುಕುವುದು ಕಷ್ಟವಾಗುತ್ತದೆ, ಮಾರಿದವರ ಮುಂದೆ ನಿಮ್ಮ ಮಾತಿಗಿರುವ ಆಧಾರವೂ ಇಲ್ಲವಾಗುತ್ತದೆ.

ಇಷ್ಟು ಹೊಸ ಕಾರು ಏಕೆ ಕೆಡಬೇಕು ಎಂಬ ಪ್ರಶ್ನೆ ಸಹಜವಾದದ್ದು. ಯಂತ್ರಗಳ ವೈಫಲ್ಯದ ಪ್ರಮಾಣವನ್ನು ಎಂಜಿನಿಯರುಗಳು ಸ್ನಾನದ ತೊಟ್ಟಿಯ ಅಡ್ಡಸೀಳನ್ನು ಹೋಲುವ ರೇಖೆಯಾಗಿ ಚಿತ್ರಿಸುತ್ತಾರೆ: ಆರಂಭದಲ್ಲಿ ಹೆಚ್ಚು, ನಡುವಿನ ದೀರ್ಘ ಅವಧಿಯಲ್ಲಿ ಕಡಿಮೆ, ಸವೆತದ ಕಾಲ ಬಂದಾಗ ಮತ್ತೆ ಹೆಚ್ಚು. ತಯಾರಿಕೆಯಲ್ಲೇ ಉಳಿದ ಸಣ್ಣ ಲೋಪಗಳು ಹೊರಬೀಳುವುದು ಆ ಆರಂಭದ ಕಾಲದಲ್ಲಿ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಯಾವುದೇ ಕಾರು ಇಷ್ಟು ಬೇಗ ಕೈ ಬದಲಿಸಿದ್ದಕ್ಕೆ ಒಂದು ಕಾರಣವಿರುತ್ತದೆ. ಆ ಕಾರಣ ಮಾಲೀಕರ ಹಣದ ಅಗತ್ಯವೋ ಊರು ಬದಲಾದದ್ದೋ ಆಗಿರಬಹುದು. ಬಾಡಿಗೆಗೆ ಓಡಿದ ಕಾರು ಅದಾಗಿರಬಹುದು. ಬಂದು ಹೋಗುತ್ತಿದ್ದ ದೋಷವೊಂದನ್ನು ಸರ್ವಿಸ್ ಸೆಂಟರಿನವರು ಮೂರು ಸಲ ನೋಡಿಯೂ ಪತ್ತೆ ಹಚ್ಚಲಾಗದೆ ಬೇಸತ್ತ ಮಾಲೀಕರು ಮಾರಿದ್ದೂ ಇರಬಹುದು. ಅಪಘಾತ ಅಥವಾ ನೆರೆನೀರಿನ ಚರಿತ್ರೆ ಇದ್ದರೆ ವಿಷಯ ಇನ್ನೂ ಗಂಭೀರವಾಗುತ್ತದೆ. ಇದಾವುದೂ ಇಲ್ಲದ ಒಳ್ಳೆಯ ಕಾರು ಕೂಡ ಮಾರಾಟವಾಗದೆ ತಿಂಗಳುಗಟ್ಟಲೆ ನಿಂತಿದ್ದರೆ ಬ್ಯಾಟರಿ, ಬ್ರೇಕ್ ಡಿಸ್ಕ್ ಮತ್ತು ಟೈರುಗಳು ಹಾಳಾಗಿರಬಹುದು.

ಮೊದಲು ಸುರಕ್ಷತೆ, ಆಮೇಲೆ ಉಳಿದದ್ದು

ದೋಷ ಕಾಣಿಸಿದ ಕೂಡಲೇ ತೀರ್ಮಾನಿಸಬೇಕಾದದ್ದು ಕಾರನ್ನು ಇನ್ನೂ ಓಡಿಸಬಹುದೇ ಎಂಬುದನ್ನು. ಎಣ್ಣೆಯ ಕ್ಯಾನಿನ ಚಿತ್ರವಿರುವ ಕೆಂಪು ದೀಪ ಹೊತ್ತಿದರೆ ಆಯಿಲ್ ಒತ್ತಡ ಕುಸಿದಿದೆ ಎಂದರ್ಥ. ಸುರಕ್ಷಿತವಾದ ಜಾಗ ಸಿಕ್ಕಿದೊಡನೆ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು, ಏಕೆಂದರೆ ಒತ್ತಡವಿಲ್ಲದೆ ಕೆಲವೇ ನಿಮಿಷ ಓಡಿದರೂ ಎಂಜಿನ್ನಿನ ಬೇರಿಂಗುಗಳು ಸುಟ್ಟುಹೋಗಬಹುದು. ಎಂಜಿನ್ ಕಾವಿನ ಕೆಂಪು ದೀಪಕ್ಕೂ ಇದೇ ನಿಯಮ ಅನ್ವಯಿಸುತ್ತದೆ, ಮತ್ತು ಬಿಸಿ ಆರುವ ತನಕ ಕೂಲೆಂಟ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಬ್ರೇಕಿನ ಕೆಂಪು ದೀಪ ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಉಳಿದಿದ್ದರೆ ಕಾರನ್ನು ಟೋ ಮಾಡಿಸುವುದೇ ಸರಿ. ಎಂಜಿನ್ ಚಿತ್ರದ ಹಳದಿ ದೀಪದಲ್ಲಿ ಎರಡು ಬಗೆಗಳಿವೆ. ಅದು ಸ್ಥಿರವಾಗಿ ಉರಿಯುತ್ತಿದ್ದು ಕಾರು ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು. ಮಿನುಗುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಹೊರಬರುತ್ತಿದೆ ಎಂದು ತಿಳಿಯಬೇಕು. ಹಾಗೆ ಹೊರಬಂದ ಇಂಧನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಸಣ್ಣ ಖರ್ಚಿನಲ್ಲಿ ಮುಗಿಯಬೇಕಿದ್ದ, ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ನ ದುರಸ್ತಿಯನ್ನು ಬಹಳ ದೊಡ್ಡ ಖರ್ಚನ್ನಾಗಿ ಮಾಡುತ್ತದೆ.

ದಾಖಲೆ

ಕಾರು ಸುರಕ್ಷಿತವಾಗಿ ನಿಂತ ಮೇಲೆ ಫೋನ್ ತೆಗೆದುಕೊಂಡು, ದೀಪವೂ ಓಡೋಮೀಟರಿನ ಅಂಕಿಯೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಫೋಟೋ ತೆಗೆಯಿರಿ. ಸದ್ದು ಅಥವಾ ನಡುಕವಾದರೆ ವಿಡಿಯೊ ಮಾಡಿ. ಆದರೆ ಚಾಲನೆ ಮಾಡುವವರೇ ಅದನ್ನು ಮಾಡಬಾರದು, ಪಕ್ಕದಲ್ಲಿ ಕೂತವರು ಮಾಡಲಿ. ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ವೇಗ ಎಷ್ಟಿತ್ತು, ಏರಿನಲ್ಲಿತ್ತೋ ತಿರುವಿನಲ್ಲಿತ್ತೋ, ಎಸಿ ಚಾಲೂ ಇತ್ತೋ, ಇಂಧನ ತುಂಬಿಸಿ ಎಷ್ಟು ದೂರವಾಗಿತ್ತು ಎಂಬುದನ್ನೆಲ್ಲ ಅದೇ ದಿನ ಬರೆದಿಡಿ. "ಗಾಡಿ ಏನೋ ಎಳೆಯುತ್ತದೆ" ಎಂಬ ವಿವರಣೆಯಿಂದ ಮೆಕ್ಯಾನಿಕ್‌ಗೆ ಏನೂ ತಿಳಿಯುವುದಿಲ್ಲ. "ಬೆಳಿಗ್ಗೆ ಮೊದಲ ಐದು ನಿಮಿಷ, ಎರಡನೆಯ ಗೇರಿನಲ್ಲಿ, ನಿಧಾನವಾಗಿ ಏರು ಹತ್ತುವಾಗ ಜಗ್ಗುತ್ತದೆ" ಎಂದರೆ ಅರ್ಧ ಪರೀಕ್ಷೆ ಅಲ್ಲಿಗೇ ಮುಗಿದಂತೆ.

ಇದಾದ ಮೇಲೆ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡುಗಳನ್ನು ಓದುವ ಉಪಕರಣ. ಅಮೆರಿಕದಲ್ಲಿ 1996ರ ಮಾದರಿಗಳಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಓಬಿಡಿ ಎಂಬ ಸ್ವಯಂ ತಪಾಸಣಾ ವ್ಯವಸ್ಥೆ ಕಡ್ಡಾಯವಾಯಿತು; ಈಗಿನ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಅದರ 16 ಪಿನ್ನುಗಳ ಸಾಕೆಟ್ ಇರುತ್ತದೆ. ಕೋಡ್ ಸಂಖ್ಯೆಯನ್ನು ಮಾತ್ರ ಕೇಳಿ ಸುಮ್ಮನಾಗಬೇಡಿ, ಇನ್ನೂ ಮೂರು ಸಂಗತಿಗಳನ್ನು ಮುದ್ರಿಸಿ ಕೊಡುವಂತೆ ಕೇಳಿ. ಒಂದನೆಯದು ಫ್ರೀಜ್ ಫ್ರೇಮ್, ಅಂದರೆ ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ವೇಗ, ಕಾವು, ಹೊರೆ ಎಷ್ಟಿತ್ತು ಎಂಬ ಚಿತ್ರಣ. ಎರಡನೆಯದು ರೆಡಿನೆಸ್ ಸ್ಥಿತಿ, ಅಂದರೆ ಕಂಪ್ಯೂಟರ್ ತನ್ನ ಯಾವ ಯಾವ ತಪಾಸಣೆಗಳನ್ನು ಪೂರೈಸಿದೆ ಎಂಬ ವಿವರ. ಮೂರನೆಯದು ಕೋಡುಗಳನ್ನು ಕೊನೆಯ ಸಲ ಅಳಿಸಿದ ಮೇಲೆ ಕಾರು ಓಡಿದ ದೂರ. ಈ ಮೂರನೆಯ ಅಂಕಿಯನ್ನು ಕೇಳುವವರು ಕಡಿಮೆ, ಆದರೆ ನನ್ನ ಅಭಿಪ್ರಾಯದಲ್ಲಿ ಕೊಳ್ಳುವವರ ಪಾಲಿಗೆ ಅತ್ಯಂತ ಬೆಲೆಯುಳ್ಳ ಅಂಕಿ ಅದೇ. ಕಾರು 22,000 ಕಿ.ಮೀ. ಓಡಿದ್ದು, ನೀವು ಕೊಂಡ ಮೇಲೆ 180 ಕಿ.ಮೀ. ಓಡಿಸಿದ್ದು, ಕೋಡ್ ಅಳಿಸಿದ ಮೇಲಿನ ದೂರ 195 ಕಿ.ಮೀ. ಎಂದು ತೋರಿಸಿದರೆ, ಮಾರಾಟದ ಹೊಸ್ತಿಲಲ್ಲಿ ಯಾರೋ ಮೆಮೊರಿಯನ್ನು ಅಳಿಸಿದ್ದಾರೆ ಎಂದಾಯಿತು. ಸರ್ವಿಸ್ ಸಮಯದಲ್ಲಿ ಅಥವಾ ಬ್ಯಾಟರಿ ಕಳಚಿದ್ದರಿಂದಲೂ ಹೀಗಾಗಬಹುದಾದ್ದರಿಂದ ಇದೊಂದೇ ಮೋಸಕ್ಕೆ ಪುರಾವೆಯಾಗದು. ಆದರೆ ಏಕೆ ಅಳಿಸಿದಿರಿ ಎಂದು ಲಿಖಿತವಾಗಿ ಕೇಳುವುದಕ್ಕೆ ಇಷ್ಟು ಸಾಕು.

ಕೋಡ್ ಎಂಬುದು ಕೆಟ್ಟ ಭಾಗದ ಹೆಸರಲ್ಲ, ಕಂಪ್ಯೂಟರ್ ಗಮನಿಸಿದ ಲಕ್ಷಣದ ಹೆಸರು ಎಂಬುದನ್ನು ನಾನು ಸ್ವಂತ ಅನುಭವದಿಂದ ಕಲಿತೆ. ಎರಡು ವರ್ಷದ ಕಾರು ಕೊಂಡ ಕೆಲವೇ ದಿನಗಳಲ್ಲಿ ಪಿ0420 ಕೋಡ್ ಬಂತು. ಕನ್ವರ್ಟರಿನ ದಕ್ಷತೆ ಕಡಿಮೆಯಾಗಿದೆ ಎಂಬುದು ಅದರ ಅರ್ಥ. ಮೊದಲ ಗ್ಯಾರೇಜಿನವರು ಕನ್ವರ್ಟರನ್ನೇ ಬದಲಿಸಬೇಕೆಂದರು. ಎರಡನೆಯ ಮೆಕ್ಯಾನಿಕ್ ಎಕ್ಸಾಸ್ಟ್ ಪೈಪಿನ ಜೋಡಣೆಯಲ್ಲಿ ಸಣ್ಣ ಸೋರಿಕೆ ಇರುವುದನ್ನು ಕಂಡುಹಿಡಿದು ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಿಸಿದರು, ಮತ್ತೆ ಆ ಕೋಡ್ ಬರಲಿಲ್ಲ. ಅಂದಿನಿಂದ, ಯಾವ ಪರೀಕ್ಷೆಯಿಂದ ಈ ಭಾಗವೇ ಕೆಟ್ಟಿದೆ ಎಂದು ಖಚಿತವಾಯಿತು ಎಂಬುದಕ್ಕೆ ಉತ್ತರ ಸಿಗದೆ ನಾನು ಯಾವ ದೊಡ್ಡ ಭಾಗವನ್ನೂ ಬದಲಿಸಲು ಒಪ್ಪಿಲ್ಲ.

ಲಕ್ಷಣದಿಂದ ಕಾರಣದ ಕಡೆಗೆ

ವಿಚಿತ್ರವಾದ ವಿದ್ಯುತ್ ದೋಷಗಳು ಒಟ್ಟೊಟ್ಟಿಗೆ ಕಂಡರೆ, ಉದಾಹರಣೆಗೆ ಎಬಿಎಸ್ ದೀಪ, ಸ್ಟಿಯರಿಂಗ್ ದೀಪ ಮತ್ತು ಪಾರ್ಕಿಂಗ್ ಸೆನ್ಸರಿನ ಎಚ್ಚರಿಕೆ ಒಂದೇ ಬೆಳಿಗ್ಗೆ ಬಂದರೆ, ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿಯನ್ನು. ಕೆಲವು ಗಂಟೆ ನಿಂತ ಕಾರಿನ ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ರ ಆಸುಪಾಸಿನಲ್ಲಿದ್ದರೆ ಅರ್ಧದಷ್ಟೇ ಚಾರ್ಜ್ ಉಳಿದಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಬರುತ್ತದೆ, ಆದರೆ ಹೊಸ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಇದು ಏರಿಳಿಯುವುದುಂಟು. ಮಾರಾಟಕ್ಕೆ ನಿಂತಿದ್ದ ಕಾಲದಲ್ಲಿ ಹಲವು ಸಲ ಪೂರ್ತಿ ಇಳಿದ ಬ್ಯಾಟರಿ ಮತ್ತೆ ಚಾರ್ಜ್ ಆದರೂ ಮೊದಲಿನ ಸಾಮರ್ಥ್ಯ ಪಡೆಯುವುದಿಲ್ಲವಾದ್ದರಿಂದ ವೋಲ್ಟ್ ಮಾತ್ರವಲ್ಲದೆ, ಹೊರೆ ಹಾಕಿ ನೋಡುವ ಲೋಡ್ ಪರೀಕ್ಷೆಯನ್ನೂ ಮಾಡಿಸಬೇಕು. ಹೊಸ ಬ್ಯಾಟರಿಯೂ ಎರಡು ಮೂರು ದಿನಗಳಲ್ಲಿ ಇಳಿಯುತ್ತಿದ್ದರೆ, ಹಿಂದಿನ ಮಾಲೀಕರು ಹಾಕಿಸಿದ ಟ್ರ್ಯಾಕರ್ ಅಥವಾ ಕ್ಯಾಮೆರಾದಂಥ ಉಪಕರಣ ಕರೆಂಟ್ ಎಳೆಯುತ್ತಿದೆಯೇ ನೋಡಿ; ಕಾರು ಪೂರ್ಣ ನಿದ್ರಾಸ್ಥಿತಿಗೆ ಹೋದ ಮೇಲೆ ಈ ಸೆಳೆತ ಸುಮಾರು 50 ಮಿಲಿ ಆಂಪಿಯರ್ ಮೀರಬಾರದು.

ನಡುಕ ಮತ್ತು ಸದ್ದುಗಳನ್ನು ವಿಂಗಡಿಸಲು ದುಬಾರಿ ಉಪಕರಣ ಬೇಡ. ನಡುಕ ಕಾರಿನ ವೇಗವನ್ನು ಅನುಸರಿಸುತ್ತದೆಯೋ ಎಂಜಿನ್ನಿನ ವೇಗವನ್ನೋ ಎಂಬುದನ್ನು ಗಮನಿಸಿದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಅದೇ ವೇಗದಲ್ಲಿ ಬೇರೆ ಬೇರೆ ಗೇರಿನಲ್ಲೂ ನಡುಕ ಉಳಿದರೆ ಕಾರಣ ಚಕ್ರ, ಟೈರು ಅಥವಾ ಆಕ್ಸಲ್ ಕಡೆಗಿದೆ. ಕಾರು ನಿಂತಿದ್ದು ಎಂಜಿನ್ ಓಡುವಾಗಲೂ ಇದ್ದರೆ ಎಂಜಿನ್ ಅಥವಾ ಅದರ ಮೌಂಟಿಂಗ್ ನೋಡಬೇಕು. ಗಂಟೆಗೆ 80ರಿಂದ 110 ಕಿ.ಮೀ. ನಡುವೆ ಸ್ಟಿಯರಿಂಗ್ ಅದುರಿದರೆ ವೀಲ್ ಬ್ಯಾಲೆನ್ಸಿಂಗ್ ಮೊದಲ ಸಂಶಯ, ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಡಿಸ್ಕ್. ವೇಗದೊಂದಿಗೆ ಏರುವ, ಒಂದು ಕಡೆ ತಿರುಗಿಸಿದಾಗ ಹೆಚ್ಚಿ ಇನ್ನೊಂದು ಕಡೆ ತಿರುಗಿಸಿದಾಗ ತಗ್ಗುವ ಗುಂಯ್ ಎಂಬ ಸದ್ದು ವೀಲ್ ಬೇರಿಂಗಿನದು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಎಂದರೆ ಡ್ರೈವ್ ಶಾಫ್ಟಿನ ಕೀಲು. ಟೈರಿನ ಪಕ್ಕದ ನಾಲ್ಕಂಕಿಯ ಸಂಖ್ಯೆಯನ್ನೂ ಓದಿ: 2323 ಎಂದಿದ್ದರೆ ಅದು 2023ರ 23ನೆಯ ವಾರದಲ್ಲಿ ತಯಾರಾದದ್ದು. ಮೂರು ಟೈರುಗಳು ಒಂದು ಕಾಲದವು, ಒಂದು ಮಾತ್ರ ಬೇರೆ ಎಂದಾದರೆ ಆ ಮೂಲೆಯ ಸಸ್ಪೆನ್ಷನ್ನಿಗೆ ಪೆಟ್ಟು ಬಿದ್ದಿತ್ತೇ ಎಂದು ಕಾರನ್ನು ಲಿಫ್ಟಿಗೆ ಏರಿಸಿ ನೋಡಿಸಬೇಕು.

ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್ ಬಾಕ್ಸುಗಳು ದಟ್ಟಣೆಯ ರಸ್ತೆಯಲ್ಲಿ ನಿಧಾನವಾಗಿ ತೆವಳುವಾಗ ಜಗ್ಗುವುದು ಸವೆತದಿಂದಲೂ ಆಗಬಹುದು, ಕಂಪ್ಯೂಟರ್ ಕಲಿತಿಟ್ಟುಕೊಂಡ ಹೊಂದಾಣಿಕೆ ತಪ್ಪಿದ್ದರಿಂದಲೂ ಆಗಬಹುದು. ಹಾಗಾಗಿ ಕ್ಲಚ್ ಬಿಚ್ಚಿಸುವ ಮುನ್ನ ಆ ಮಾದರಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದೆಯೇ ಎಂದು ತಯಾರಕರ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ.

ಆಯಿಲ್ ಮತ್ತು ಕೂಲೆಂಟ್ ಮಟ್ಟವನ್ನು ಮೊದಲ ತಿಂಗಳು ವಾರಕ್ಕೊಮ್ಮೆ, ಸಮತಟ್ಟಾದ ನೆಲದಲ್ಲಿ, ತಣ್ಣಗಿರುವ ಎಂಜಿನ್ನಿನಲ್ಲಿ ನೋಡಿ ಬರೆದಿಡುವ ಅಭ್ಯಾಸ ಬಹಳ ಪ್ರಯೋಜನಕಾರಿ. ಮುಚ್ಚಿದ ವ್ಯವಸ್ಥೆಯಾದ ಕೂಲೆಂಟ್ ಮತ್ತೆ ಮತ್ತೆ ಇಳಿಯುತ್ತಿದ್ದರೆ ಅದು ಎಲ್ಲಿಗೋ ಹೋಗುತ್ತಿದೆ: ಹೊರಗೆ ಸೋರಿಕೆ ಕಾಣದಿದ್ದರೆ ಪ್ರೆಷರ್ ಪರೀಕ್ಷೆ ಮಾಡಿಸಿ. ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಬಿಳಿ ನೊರೆ ಕಂಡ ಮಾತ್ರಕ್ಕೆ, ಕೂಲೆಂಟ್ ಆಯಿಲಿಗೆ ಬೆರೆಯದಂತೆ ತಡೆಯುವ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೆದರಬೇಕಾಗಿಲ್ಲ. ಚಳಿಯಲ್ಲಿ ಬರೀ ಸಣ್ಣ ದೂರ ಓಡಿದ ಕಾರಿನಲ್ಲಿ ತೇವಾಂಶದಿಂದಲೂ ಅದು ಬರುತ್ತದೆ, ಆಯಿಲ್ ಮಟ್ಟ ಅಳೆಯುವ ಡಿಪ್ ಸ್ಟಿಕ್ಕಿನಲ್ಲೂ ನೊರೆ ಇದ್ದರೆ ಮಾತ್ರ ಗಂಭೀರ. ಡೀಸೆಲ್ ಕಾರಿನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಎಚ್ಚರ ವಹಿಸಿ. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಫಿಲ್ಟರಿಗೆ ಆ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅದು ಆಗುವ ಮೊದಲೇ ಪ್ರತಿ ಸಲ ಎಂಜಿನ್ ನಿಲ್ಲಿಸಿದರೆ, ಕಾವೇರಿಸಲು ಚಿಮ್ಮಿಸಿದ ಹೆಚ್ಚುವರಿ ಡೀಸೆಲ್ಲಿನ ಒಂದಂಶ ಕೆಳಗಿಳಿದು ಆಯಿಲಿಗೆ ಬೆರೆತು ಅದನ್ನು ತೆಳುವಾಗಿಸುತ್ತದೆ. ಫಿಲ್ಟರಿನ ದೀಪ ಮಾತ್ರ ಬಂದಿದ್ದರೆ ಕೈಪಿಡಿಯಲ್ಲಿ ಹೇಳಿದಂತೆ ಒಂದೇ ವೇಗದಲ್ಲಿ ಸ್ವಲ್ಪ ದೂರದ ಪ್ರಯಾಣ ಮಾಡುವುದರಿಂದ ಅನೇಕ ಸಲ ಸರಿಹೋಗುತ್ತದೆ. ಆಯಿಲ್ ಏರಿದ್ದರೆ ಅದನ್ನು ಬದಲಿಸಿದ ಮೇಲೆಯೇ ಓಡಿಸಬೇಕು.

ನೆರೆಯಲ್ಲಿ ಮುಳುಗಿದ ಕಾರಿನ ಲಕ್ಷಣಗಳು ತಡವಾಗಿ, ಒಂದೊಂದಾಗಿ ಬರುತ್ತವೆ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಕಾರ್ಪೆಟ್ಟಿನ ಅಡಿಯಲ್ಲಿ ತೇವ ಅಥವಾ ಸಣ್ಣ ಮಣ್ಣು, ವೈರುಗಳ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಂಡರೆ ಯಾವ ದುರಸ್ತಿಗೂ ಕೈ ಹಾಕಬೇಡಿ; ಅಂಥ ಕಾರನ್ನು ಮಾರಿದವರಿಗೇ ಹಿಂದಿರುಗಿಸುವ ಪ್ರಯತ್ನ ಮಾಡುವುದು ಲೇಸು.

ಖರ್ಚು ಯಾರದು

ತಯಾರಕರ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಕಾರು ಸಿಕ್ಕ ದಿನದಿಂದ ಎಣಿಕೆಯಾಗುತ್ತದೆ, ನೀವು ಕೊಂಡ ದಿನದಿಂದಲ್ಲ. ಹೆಚ್ಚು ಓಡದ ಕಾರಿನಲ್ಲಿ ಅದು ಇನ್ನೂ ಉಳಿದಿರುವ ಸಾಧ್ಯತೆ ಬಹಳ. ಆದ್ದರಿಂದ ಹಣ ಕೊಟ್ಟು ದುರಸ್ತಿ ಮಾಡಿಸುವ ಮುನ್ನ ವಾರಂಟಿ ಪುಸ್ತಕವನ್ನೂ ಸರ್ವಿಸ್ ದಾಖಲೆಗಳನ್ನೂ ನೋಡಿ. ಇದರ ಜೊತೆಗೇ 17 ಅಕ್ಷರ ಮತ್ತು ಅಂಕಿಗಳ ಚಾಸಿ ಸಂಖ್ಯೆಯನ್ನು ಕೊಟ್ಟು ಬಾಕಿ ಇರುವ ರೀಕಾಲ್, ಅಂದರೆ ದೋಷ ಸರಿಪಡಿಸಲು ತಯಾರಕರು ಕಾರುಗಳನ್ನು ಹಿಂದಕ್ಕೆ ಕರೆದದ್ದು, ಇದೆಯೇ ಎಂದು ಕೇಳಿ. ಸುರಕ್ಷತೆಯ ರೀಕಾಲ್ ಕೆಲಸವನ್ನು ಮಾಲೀಕರು ಬದಲಾದರೂ ತಯಾರಕರು ಸಾಮಾನ್ಯವಾಗಿ ಉಚಿತವಾಗಿ ಮಾಡಿಕೊಡುತ್ತಾರೆ. ಜಪಾನಿನ ಟಕಾಟ ಕಂಪನಿಯ ದೋಷಪೂರಿತ ಏರ್‌ಬ್ಯಾಗುಗಳ ಪ್ರಕರಣದಲ್ಲಿ ಕೋಟ್ಯಂತರ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು, ಆದರೂ ಎಷ್ಟೋ ಕಾರುಗಳು ದುರಸ್ತಿಯಾಗದೆಯೇ ಕೈ ಬದಲಿಸಿದವು. ಹಿಂದಿನ ಮಾಲೀಕರ ವಿಳಾಸಕ್ಕೆ ಹೋದ ರೀಕಾಲ್ ಪತ್ರ ನಿಮಗೆ ತಲುಪುವುದಿಲ್ಲ.

ಮಾರಿದವರಿಗೆ ದೋಷ ಕಂಡ ದಿನವೇ, ಫೋಟೋ ಮತ್ತು ಸ್ಕ್ಯಾನ್ ವರದಿಯೊಂದಿಗೆ, ಬರವಣಿಗೆಯಲ್ಲಿ ತಿಳಿಸಿ. ಫೋನಿನಲ್ಲಿ ಮಾತಾಡಿದರೂ ಆ ಮಾತಿನ ಸಾರವನ್ನು ಸಂದೇಶವಾಗಿ ಕಳುಹಿಸಿ. ಅನೇಕ ದೇಶಗಳ ಗ್ರಾಹಕ ಕಾನೂನುಗಳಲ್ಲಿ ವ್ಯಾಪಾರಿಯಿಂದ ಕೊಂಡವರಿಗೂ ಖಾಸಗಿ ವ್ಯಕ್ತಿಯಿಂದ ಕೊಂಡವರಿಗೂ ಇರುವ ಹಕ್ಕುಗಳು ಬೇರೆ ಬೇರೆ, ಮತ್ತು ಅವಕ್ಕೆ ಕಾಲಮಿತಿಯೂ ಇರುತ್ತದೆ. ನಿಮ್ಮಲ್ಲಿನ ಮಿತಿಯನ್ನು ಮೊದಲ ವಾರದಲ್ಲೇ ತಿಳಿದುಕೊಳ್ಳಿ. ಮಾರಿದವರಿಗೆ ನೋಡುವ ಅವಕಾಶ ಕೊಡದೆ ಬೇರೆಡೆ ಬಿಚ್ಚಿಸಿದರೆ, ದೋಷ ಆ ಗ್ಯಾರೇಜಿನಲ್ಲಿಯೇ ಆದದ್ದು ಎಂದು ವಾದಿಸಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಅವರು ಒಪ್ಪದಿದ್ದಲ್ಲಿ ಯಾರ ಪಕ್ಷವೂ ಅಲ್ಲದ ಮೆಕ್ಯಾನಿಕ್‌ನಿಂದ, ಈ ದೋಷ ಮಾರಾಟಕ್ಕೆ ಮುಂಚೆಯೇ ಇದ್ದಿರಬಹುದೇ, ಯಾವ ಆಧಾರದಿಂದ, ಎಂಬ ಒಂದೇ ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ. ಪ್ರತ್ಯೇಕವಾಗಿ ಮಾರುವ ವಾರಂಟಿ ಇದ್ದರೆ ಅದರ ಷರತ್ತುಗಳನ್ನು ಓದಿ. ಸವೆಯುವ ಭಾಗಗಳನ್ನೂ ಮೊದಲೇ ಇದ್ದ ದೋಷಗಳನ್ನೂ ಅವು ಹೊರಗಿಡುವುದು ಸಾಮಾನ್ಯ, ಮುಂಗಡ ಒಪ್ಪಿಗೆಯಿಲ್ಲದೆ ಮಾಡಿಸಿದ ಕೆಲಸಕ್ಕೆ ಹಣ ಕೊಡದಿರುವುದೂ ಸಾಮಾನ್ಯ.

ದುರಸ್ತಿಯಾದ ಮೇಲೆ ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ವಾರಂಟಿಯ ಕೆಲಸವಾದರೆ ಅದು ತಯಾರಕರಿಗೆ ಹೋಗಬೇಕಾಗಬಹುದು, ಆಗ ಫೋಟೋ ಸಾಕು. ದೀಪ ಆರಿದ್ದನ್ನೇ ಗುಣವಾಯಿತೆಂದು ಭಾವಿಸದೆ, ತಣ್ಣಗಿನ ಸ್ಟಾರ್ಟ್, ಊರೊಳಗಿನ ಓಡಾಟ, ಹೆದ್ದಾರಿಯ ವೇಗ ಮೂರೂ ಸೇರುವಂತೆ ಕೆಲವು ದಿನ ಓಡಿಸಿ, ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ರೆಡಿನೆಸ್ ತಪಾಸಣೆಗಳೆಲ್ಲ ಪೂರ್ಣಗೊಂಡಿದ್ದು, ಹೊಸ ಕೋಡ್ ಇಲ್ಲದಿದ್ದರೆ ಆ ವರದಿಯನ್ನು ಓಡೋಮೀಟರಿನ ಅಂಕಿಯೊಂದಿಗೆ ಮೊದಲ ವರದಿಯ ಪಕ್ಕದಲ್ಲಿ ಫೈಲಿಗೆ ಸೇರಿಸಿ.