ನೆಲ್ಲಿ ಮರದಡಿ ಇಪ್ಪತ್ತು ಎಲೆ: ಕಾರ್ತಿಕದ ವನಭೋಜನಕ್ಕೆ ತಯಾರಿ ಹೀಗೆ

ಬಲಿಪಾಡ್ಯಮಿ ಕಳೆಯಿತೆಂದರೆ ತುಮಕೂರು ಸೀಮೆಯ ಮನೆಗಳಲ್ಲಿ ವನಭೋಜನದ ಮಾತು ಏಳುತ್ತದೆ. ಹೊಲದಲ್ಲಿ ರಾಗಿ ತೆನೆ ಬಾಗಿರುತ್ತದೆ, ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ, ಬಿಸಿಲಿಗೆ ಚುರುಕಿಲ್ಲ. ಆದರೂ ಎಷ್ಟೋ ಮನೆಯವರ ವನಭೋಜನ ಅರ್ಧಂಬರ್ಧ ಆಗುವುದಕ್ಕೆ ಎರಡೇ ಕಾರಣ: ಬಿಸಿ ಅನ್ನವನ್ನು ಹಾಗೇ ಡಬ್ಬಿಗೆ ತುಂಬುವುದು, ಹತ್ತು ಗಂಟೆಯಾದರೂ ಮನೆ ಬಿಡದಿರುವುದು. ಇಪ್ಪತ್ತು ಜನರ ಲೆಕ್ಕ ಹಿಡಿದು, ಮೊದಲಿನಿಂದ ನೋಡೋಣ.

ಯಾವ ದಿನ?

ಭಾನುವಾರ ಅಂದರೆ ಮನೆಯ ಹಿರಿಯರು ತಕರಾರು ತೆಗೆಯುತ್ತಾರೆ. ಭಾನುವಾರ ನೆಲ್ಲಿಕಾಯಿ ಬಾಯಿಗೆ ಹಾಕಬಾರದು ಎನ್ನುವುದು ಹಳೆಯ ನೇಮ; ನೆಲ್ಲಿ ಮರದ ಕೆಳಗೇ ಕೂತು ನೆಲ್ಲಿಕಾಯಿ ತಿನ್ನದಿದ್ದರೆ ಹೋಗಿ ಏನು ಪ್ರಯೋಜನ? ಕಾರ್ತಿಕ ಸೋಮವಾರ ಕೆಲವರು ಒಪ್ಪೊತ್ತು ಇರುತ್ತಾರೆ. ಆದ್ದರಿಂದ ಎರಡನೇ ಅಥವಾ ನಾಲ್ಕನೇ ಶನಿವಾರ ಎಲ್ಲಕ್ಕಿಂತ ಅನುಕೂಲ. ಸರ್ಕಾರಿ ನೌಕರರಿಗೆ ರಜೆ, ಮಾರನೇ ದಿನ ಪಾತ್ರೆ ತೊಳೆಯಲು ಭಾನುವಾರ ಪೂರ್ತಿ ಇರುತ್ತದೆ.

ಇನ್ನು ಮಳೆ. ದೀಪಾವಳಿ ಅಕ್ಟೋಬರಿನಲ್ಲೇ ಬಂದ ವರ್ಷ ಕಾರ್ತಿಕದ ಮೊದಲ ದಿನಗಳು ಸ್ವಾತಿ ಮಳೆಗೆ ಸಿಗುತ್ತವೆ, ಆಮೇಲೆ ವಿಶಾಖ. ಹಿಂಗಾರು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಸಂಜೆ ಸುರಿಯುವಂಥದ್ದು, ಹಾಗಾಗಿ ಹನ್ನೆರಡೂವರೆಗೆ ಎಲೆ ಹಾಕಿದರೆ ಬಚಾವು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ಮಾತ್ರ ದಿನ ಮುಂದೆ ಹಾಕಿ. ಆ ಜಿಟಿಜಿಟಿ ಎರಡು ಮೂರು ದಿನ ಬಿಡುವುದಿಲ್ಲ.

ಎಲ್ಲಿ ಕೂರುವುದು?

ನಿಮ್ಮದೋ ನೆಂಟರದೋ ತೋಟದಲ್ಲಿ ಒಂದು ನೆಲ್ಲಿ ಮರವಿದ್ದರೆ ಬೇರೆಲ್ಲೂ ಹುಡುಕಬೇಡಿ. ನೀರು, ನೆರಳು, ಶೌಚಾಲಯ ಮೂರೂ ಹತ್ತಿರ ಸಿಗುವ ಜಾಗ ಅದೊಂದೇ. ಶ್ರೀನಿವಾಸಪುರದ ಕಡೆಯ ಮಾವಿನ ತೋಪಾದರೆ, ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ತೋಟದ ಪಕ್ಕವಾದರೆ, ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ತೋಟದವರನ್ನು ಕೇಳಿಯೇ ಹೋಗಿ. ಮಕ್ಕಳು ಕಂಡ ಹಣ್ಣಿಗೆ ಕೈ ಹಾಕದೆ ಬಿಡುವುದಿಲ್ಲ.

ತೋಟ ಇಲ್ಲದವರಿಗೆ ತುಮಕೂರಿನಿಂದ ದೇವರಾಯನದುರ್ಗದ ದಾರಿಯಲ್ಲಿ ನಾಮದ ಚಿಲುಮೆ ಇದೆ. ಬಂಡೆಯಲ್ಲಿ ನೀರು ಒಸರುವ ಚಿಲುಮೆ, ಜಿಂಕೆವನ, ಮಂಡಿನೋವಿನ ಅಜ್ಜಿಯೂ ನಡೆಯಬಹುದಾದ ಸಮತಟ್ಟು ನೆಲ. ಹರೆಯದವರೇ ಹೆಚ್ಚಿದ್ದರೆ ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಹತ್ತಬಹುದು. ಆದರೆ ಊಟದ ಡಬ್ಬಿ ಹೊತ್ತು ಬೆಟ್ಟ ಹತ್ತುವ ಉತ್ಸಾಹ ಅರ್ಧ ದಾರಿಗೇ ಇಳಿದುಹೋಗುತ್ತದೆ. ಊಟ ಕೆಳಗೇ ಇರಲಿ. ಕೋಲಾರದ ಅಂತರಗಂಗೆಗೆ ಮೆಟ್ಟಿಲುಗಳಿವೆ, ಕೋತಿಗಳೂ ಇವೆ. ನಂದಿ ಬೆಟ್ಟ ವಾರಾಂತ್ಯದಲ್ಲಿ ಬೇಡವೇ ಬೇಡ, ಅಷ್ಟು ಜನ. ಬೆಟ್ಟದ ಬುಡದ ಭೋಗನಂದೀಶ್ವರ, ಮುಳಬಾಗಿಲು ತಾಲ್ಲೂಕಿನ ಆವಣಿಯ ಗುಡಿಗಳು ನೋಡಲೇಬೇಕಾದವು. ಆದರೆ ಅವು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳು, ಆವರಣದಲ್ಲಿ ಎಲೆ ಹಾಸುವಂತಿಲ್ಲ.

ಅರಣ್ಯ ಇಲಾಖೆಯ ಜಾಗವಾದರೆ ಒಲೆ, ಗ್ಯಾಸ್ ಸ್ಟೌವ್ ಯಾವುದನ್ನೂ ಒಯ್ಯಬೇಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕಾನೂನಿನಂತೆ ಅಪರಾಧ. ಅಂದರೆ ಊಟವೆಲ್ಲ ಬುತ್ತಿಯೇ ಆಗಬೇಕು.

ಬುತ್ತಿ: ಅಸಲು ಕೆಲಸ ಇಲ್ಲಿದೆ

ಇಪ್ಪತ್ತು ಜನಕ್ಕೆ ಪುಳಿಯೋಗರೆಗೆ ಒಂದೂಕಾಲು ಕೆ.ಜಿ., ಮೊಸರನ್ನಕ್ಕೆ 800 ಗ್ರಾಂ ಅಕ್ಕಿ ಸಾಕು. ಹೊರಗೆ ಹೋದಾಗ ಎಲ್ಲರೂ ಜಾಸ್ತಿ ತಿನ್ನುತ್ತಾರೆ ಎಂದು ಮೂರು ಕೆ.ಜಿ. ಬೇಯಿಸುವವರು ರಾತ್ರಿಯೂ ಅದನ್ನೇ ತಿನ್ನುತ್ತಾರೆ. ಜೊತೆಗೆ 40 ಬೇಳೆ ಒಬ್ಬಟ್ಟು, ಕೋಸಂಬರಿ, ಹುರಿದ ಕಡಲೆಕಾಯಿ.

ಶುಕ್ರವಾರ ಸಂಜೆ ಪುಳಿಯೋಗರೆ ಗೊಜ್ಜು ಮಾಡಿಡಿ. 160 ಗ್ರಾಂ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಸಿ ಗಟ್ಟಿ ರಸ ತೆಗೆಯಿರಿ. ಧನಿಯ 50 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 25, ಮೆಂತ್ಯ ಒಂದೂವರೆ ಟೀ ಚಮಚ, ಸಾಸಿವೆ, ಜೀರಿಗೆ, ಮೆಣಸು ಒಂದೊಂದು ಚಮಚ, ಎಲ್ಲವನ್ನೂ ಬೇರೆ ಬೇರೆ ಹುರಿದು ಪುಡಿ ಮಾಡಿ. ಒಟ್ಟಿಗೆ ಹುರಿದರೆ ಧನಿಯ ಬಣ್ಣ ತಿರುಗುವ ಹೊತ್ತಿಗೆ ಮೆಂತ್ಯ ಸೀದು ಗೊಜ್ಜೆಲ್ಲ ಕಹಿ. 200 ಮಿ.ಲೀ. ಕಡಲೆಕಾಯಿ ಎಣ್ಣೆಯಲ್ಲಿ ಒಗ್ಗರಣೆ ಹಾಕಿ, ರಸ, ಅರಿಶಿನ, ಉಪ್ಪು, 80 ಗ್ರಾಂ ಬೆಲ್ಲ, ಪುಡಿ ಸೇರಿಸಿ ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಕುದಿಸಿ. ಅಂಚಿನಲ್ಲಿ ಎಣ್ಣೆ ಬಿಟ್ಟಾಗ ಇಳಿಸಿ. ನಾಲಿಗೆಗೆ ಹಚ್ಚಿದರೆ ಉಪ್ಪು, ಹುಳಿ ಎರಡೂ ಅತಿಯಾಯಿತು ಅನ್ನಿಸಬೇಕು. ಅನ್ನಕ್ಕೆ ಬಿದ್ದಾಗ ಸರಿಹೋಗುತ್ತದೆ. ಹುರಿದ ಎಳ್ಳಿನ ಪುಡಿ 60 ಗ್ರಾಂ, ತುರಿದ ತಿಪಟೂರು ಕೊಬ್ಬರಿ ಅರ್ಧ ಗಿಟುಕು, ಕರಿದ ಕಡಲೆಬೀಜ ಇವನ್ನು ಬೆಳಿಗ್ಗೆ ಕಲಸುವಾಗಲೇ ಹಾಕಿ. ರಾತ್ರಿಯೇ ಹಾಕಿದರೆ ಗೊಜ್ಜು ಕಟ್ಟಿಕೊಳ್ಳುತ್ತದೆ, ಬೀಜ ಮೆತ್ತಗಾಗುತ್ತದೆ.

ಒಬ್ಬಟ್ಟೂ ಶುಕ್ರವಾರವೇ. ಒಂದೊಂದನ್ನೂ ಬಿಡಿಬಿಡಿಯಾಗಿ ಹರಡಿ ಪೂರ್ತಿ ಆರಿದ ಮೇಲೆ ಜೋಡಿಸಿ, ಇಲ್ಲದಿದ್ದರೆ ಹಬೆಗೆ ಬೆವೆತು ಒಂದಕ್ಕೊಂದು ಅಂಟುತ್ತವೆ. ಬೇಳೆ ಬಸಿದ ಕಟ್ಟು ಚೆಲ್ಲಬೇಡಿ: ಅಂದು ರಾತ್ರಿ ಒಬ್ಬಟ್ಟಿನ ಸಾರು, ಬಿಸಿ ಮುದ್ದೆ. ಈ ಸಾರಿಗಾಗಿಯೇ ಒಬ್ಬಟ್ಟು ಮಾಡಿಸುವ ಮನೆಗಳಿವೆ.

ಶನಿವಾರ ನಾಲ್ಕೂವರೆಗೆ ಎದ್ದವರು ಮೊದಲು ಇಡಬೇಕಾದ್ದು ಪುಳಿಯೋಗರೆ ಅನ್ನ. ಹಳೆ ಸೋನಾಮಸೂರಿಗೆ ಒಂದಕ್ಕೆ ಎರಡು ನೀರು. ಬೆಂದ ಕೂಡಲೇ ಅಗಲವಾದ ಪರಾತಕ್ಕೆ ಸುರಿದು, ಎರಡು ಚಮಚ ಎಣ್ಣೆ ಬಿಟ್ಟು ಹರಡಿ, ಫ್ಯಾನಿನ ಕೆಳಗೆ ಆರಿಸಿ. ಅಂಗೈ ಇಟ್ಟರೆ ಬೆಚ್ಚಗೂ ಇರಬಾರದು, ಆಗ ಗೊಜ್ಜು ಕಲಸಿ. ಬಿಸಿಯಲ್ಲಿ ಕಲಸಿದರೆ ಅಗುಳು ಒಡೆದು ಮುದ್ದೆಯಾಗುತ್ತದೆ. ಬಿಸಿಯಲ್ಲೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿದರೆ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಮಧ್ಯಾಹ್ನಕ್ಕೆ ಹಳಸಿದ ವಾಸನೆ.

ಮೊಸರನ್ನದ ಲೆಕ್ಕ ಇದಕ್ಕೆ ತದ್ವಿರುದ್ಧ. ಒಂದಕ್ಕೆ ನಾಲ್ಕು ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಸೌಟಿನ ಬೆನ್ನಿನಿಂದ ಮಸೆದು, ಕಾಯಿಸಿದ ಎರಡು ಲೀಟರ್ ಹಾಲು ಬೆರೆಸಿ. ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿದೆ ಅನ್ನಿಸುವಷ್ಟು ಆರಿದ ಮೇಲೆ ಒಂದು ಲೋಟ ಮೊಸರು ಹೆಪ್ಪು ಹಾಕಿ. ಬೆಳಿಗ್ಗೆ ಆರೂವರೆಗೆ ಹಾಕಿದ ಹೆಪ್ಪು ಒಂದು ಗಂಟೆಗೆ ಹದವಾದ ಮೊಸರಾಗಿರುತ್ತದೆ. ಬರೀ ಮೊಸರು ಕಲಸಿ ಒಯ್ದರೆ ಅಷ್ಟರಲ್ಲಿ ಹುಳಿ ಬಂದಿರುತ್ತದೆ. ಹಾಲು ಸುಡುವಾಗ ಹೆಪ್ಪು ಹಾಕಿದರೆ ಒಡೆಯುತ್ತದೆ. ದಾಳಿಂಬೆ, ಸೌತೆಕಾಯಿ ಅಲ್ಲೇ ಹೋಗಿ ಸೇರಿಸಿ. ಗಟ್ಟಿಯಾದರೆ ಸಡಿಲಿಸಲು ಒಂದು ಬಾಟಲಿ ಮಜ್ಜಿಗೆ ಇರಲಿ. ಕೋಸಂಬರಿಗೂ ಉಪ್ಪು, ನಿಂಬೆಹುಳಿ ಎಲೆ ಹಾಕಿದ ಮೇಲೆಯೇ. ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಚೀಲಕ್ಕೆ ಹಾಕುವುದು

ಮುತ್ತುಗದ ಎಲೆ 30, ದೊನ್ನೆ 25, ಕುಡಿಯಲು 20 ಲೀಟರಿನ ಎರಡು ಕ್ಯಾನ್, ಕೈ ತೊಳೆಯಲು ಬೇರೆ ಒಂದು, ಜಮಖಾನ ಎರಡು, ಅದರ ಕೆಳಗೆ ಹಾಸಲು ಟಾರ್ಪಾಲು. ಇಬ್ಬನಿಗೆ ನೆಲ ಹತ್ತು ಗಂಟೆಯವರೆಗೂ ತೇವವಿರುತ್ತದೆ. ಪಾತ್ರೆಗಿಂತ ಹೆಚ್ಚಾಗಿ ಮರೆತು ಬರುವುದು ಸೌಟು. ಹೊರಡುವ ಮುನ್ನ ಎಣಿಸಿ.

ಕೋತಿಯಿರುವ ಜಾಗಕ್ಕೆ ಬಾಳೆಹಣ್ಣು, ತೆಂಗಿನಕಾಯಿ ಬಟ್ಟೆ ಚೀಲದಲ್ಲಿರಲಿ. ದೇವರಾಯನದುರ್ಗದ ಕೋತಿಗೆ ಪ್ಲಾಸ್ಟಿಕ್ ಕವರಿನ ಸರಪರ ಸದ್ದೇ ಊಟದ ಗಂಟೆ.

ಮರದ ಬುಡದಲ್ಲಿ

ಎಂಟಕ್ಕೆ ಟಿಟಿ ಹತ್ತಿದರೆ ಒಂಬತ್ತೂವರೆಗೆ ಜಾಗದಲ್ಲಿರುತ್ತೀರಿ. ಬುಡ ಗುಡಿಸಿ ನೀರೆರೆದು, ಅರಿಶಿನ ಕುಂಕುಮ ಇಟ್ಟು, ನೆಲ್ಲಿಕಾಯಿ ದೀಪ ಹಚ್ಚುವುದು ವಾಡಿಕೆ. ಹೊಸಬರಿಗೆ ಈ ದೀಪ ನಿಲ್ಲುವುದೇ ಇಲ್ಲ. ದಪ್ಪ ಕಾಯಿ ಆರಿಸಿ, ಅಡಿಯಲ್ಲಿ ತೆಳುವಾಗಿ ಸವರಿದರೆ ಉರುಳದೆ ಕೂರುತ್ತದೆ. ಮೇಲ್ಭಾಗ ಕತ್ತರಿಸಿ ಚಮಚದ ತುದಿಯಿಂದ ತೋಡಿ. ಒಳಗೆ ಗಟ್ಟಿ ಬೀಜ ಇರುವುದರಿಂದ ಕಾಲು ಅಂಗುಲಕ್ಕಿಂತ ಆಳ ಹೋಗದು. ಅಷ್ಟರಲ್ಲಿ ಎಣ್ಣೆ ನಿಲ್ಲುವುದಿಲ್ಲ. ಹೂಬತ್ತಿಯನ್ನು ಹಿಂದಿನ ರಾತ್ರಿಯೇ ತುಪ್ಪದಲ್ಲಿ ನೆನೆಸಿ, ಹೆಪ್ಪುಗಟ್ಟಿದ ತುಪ್ಪದ ಸಮೇತ ಕೂರಿಸಿ. ಕೆಳಗೆ ಅಕ್ಕಿ ಹರಡಿದ ತಟ್ಟೆ ಇರಲಿ, ಒಣಹುಲ್ಲಿನ ಮೇಲೆ ನೇರ ಇಡಬೇಡಿ. ಕಾಡಿನಲ್ಲಾದರೆ ದೀಪವನ್ನು ಮನೆಯಲ್ಲೇ ಹಚ್ಚಿ, ಇಲ್ಲಿ ಹೂ ಏರಿಸಿ ಕೈ ಮುಗಿದರೆ ಸಾಕು.

ಜಮಖಾನ ಹಾಸುವ ಮುನ್ನ ಒಮ್ಮೆ ತಲೆಯೆತ್ತಿ ನೋಡಿ. ಆಲ, ಅರಳಿಯ ಕೊಂಬೆಯಲ್ಲೋ ಬಂಡೆಯ ಅಂಚಿನಲ್ಲೋ ಹೆಜ್ಜೇನು ಕಟ್ಟಿದ್ದರೆ ಜಾಗ ಬದಲಿಸಿ. ಊದುಬತ್ತಿಯ ಹೊಗೆಗೂ ಅವು ಕೆರಳುತ್ತವೆ. ಎದ್ದವೋ, ತಲೆ ಮುಖ ಮುಚ್ಚಿಕೊಂಡು ವಾಹನದೊಳಗೆ ಓಡಿ, ಗಾಜು ಏರಿಸಿ. ಮುಳ್ಳನ್ನು ಹಿಂಡದೆ ಉಗುರಿನಿಂದ ಬೇಗ ಕೆರೆದು ತೆಗೆಯಿರಿ. ಮುಖ ಊದಿದರೆ, ಉಸಿರು ಕಟ್ಟಿದಂತಾದರೆ ತಡಮಾಡದೆ 108.

ಹೆಜ್ಜೇನಿಗಿಂತ ಹೆಚ್ಚು ಭಯಪಡಬೇಕಾದ್ದು ಕೃಷಿ ಹೊಂಡಕ್ಕೆ. ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಅವು ಹೆಚ್ಚು, ಈ ಕಾಲದಲ್ಲಿ ತುಂಬಿಯೂ ಇರುತ್ತವೆ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಇಳಿಜಾರಿನಲ್ಲಿ ಹಿಡಿಯಲು ಒಂದು ಕಡ್ಡಿಯೂ ಇರುವುದಿಲ್ಲ, ಈಜು ಬಲ್ಲವರೂ ಮೇಲೆ ಬರಲಾರರು. ಬೇಲಿಯಿಲ್ಲದ ಹೊಂಡವಿದ್ದರೆ ದೊಡ್ಡವರೊಬ್ಬರು ಆ ಕಡೆಯೇ ಕೂರಬೇಕು, ಸರದಿಯ ಮೇಲೆ. ಕೋಲಾರದ ಹಲವು ಕೆರೆಗಳಿಗೆ 2018ರಿಂದ ಬರುತ್ತಿರುವುದು ಕೆ.ಸಿ. ವ್ಯಾಲಿ ಯೋಜನೆಯ ನೀರು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ಅಂತರ್ಜಲಕ್ಕೆಂದು ಬಿಟ್ಟದ್ದು, ನೋಡಲು ಚೆನ್ನ, ಮಕ್ಕಳ ಈಜಿಗಲ್ಲ.

ಊಟವಾದ ಮೇಲೆ ಎಂಜಲೆಲೆಯನ್ನು ಕಾಡಿನಲ್ಲಿ ಬಿಡಬೇಡಿ, ಮೂಟೆ ಕಟ್ಟಿ ತನ್ನಿ. ತೋಟದಲ್ಲಾದರೆ ಗೊಬ್ಬರದ ಗುಂಡಿ ಇದ್ದೇ ಇರುತ್ತದೆ.

ವಾಪಸ್ಸು, ನೆಂಟರ ಮನೆ

ಮೂರೂವರೆಗೆ ಗಂಟುಮೂಟೆ ಕಟ್ಟಿ. ನವೆಂಬರಿನಲ್ಲಿ ಆರಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ದೇವರಾಯನದುರ್ಗದ ಕಾಡಿನಲ್ಲಿ ಚಿರತೆ, ಕರಡಿ ಎರಡೂ ಇವೆ. ಕಾರ್ತಿಕದ ಕೊನೆಯ ಹೊತ್ತಿಗೆ ಹಳ್ಳಿ ರಸ್ತೆಯ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹಾಸಿರುತ್ತಾರೆ. ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು ಬಿಸಿಗೆ ಹೊತ್ತಿಕೊಳ್ಳುವುದುಂಟು. ಪಕ್ಕದಲ್ಲಿ ದಾರಿಯಿದ್ದರೆ ಬಳಸಿ ಹೋಗಿ; ಹಾಯಲೇಬೇಕಾದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ಹಾಕಿ.

ನೆಂಟರ ಮನೆಗೆ ಹೋಗುವುದು ಬರುವಾಗಲೇ ಇರಲಿ. ಹೋಗುವಾಗ ಇಳಿದರೆ ಉಪ್ಪಿಟ್ಟು ತಿನ್ನಿಸದೆ ಬಿಡರು, ಬುತ್ತಿ ಹಾಗೇ ಉಳಿಯುತ್ತದೆ. ಹಿಂದಿನ ದಿನವೇ ಫೋನ್ ಮಾಡಿ, "ಅತ್ತೆ, ನಾಲ್ಕೂಕಾಲಿಗೆ ಬರ್ತೀವಿ, ಕಾಫಿ ಮಾತ್ರ ಸಾಕು, ಏನೂ ಮಾಡ್ಬೇಡಿ" ಅಂದಿರಿ. ಮಾಡಿಯೇ ಮಾಡುತ್ತಾರೆ, ಆದರೂ ಹೇಳಿರಬೇಕು. ಹಣ್ಣು, ಹೂವು, ಎಂಟು ಒಬ್ಬಟ್ಟು ಅವರ ಪಾಲಿಗೆ ಬೇರೆಯೇ ಎತ್ತಿಟ್ಟಿರಿ.

ಹೊರಡುವಾಗ ಹೊಲದ ಅವರೆಕಾಯಿ ಒಂದು ಚೀಲ ಕಟ್ಟಿ ಕೊಡುತ್ತಾರೆ. ಬಿಗಿದ ಬಾಯಿ ಹಾಗೇ ಬಿಟ್ಟು ಬೆಳಿಗ್ಗೆ ನೋಡಿದರೆ ಕಾಯಿ ಬಿಸಿಯೇರಿ ಬೆವೆತು, ಸೊಗಡು ಹಾರಿಹೋಗಿರುತ್ತದೆ. ಎಷ್ಟೇ ದಣಿದಿದ್ದರೂ ರಾತ್ರಿಯೇ ಹಜಾರದಲ್ಲಿ ಪೇಪರ್ ಹಾಸಿ ಹರಡಿ.