ತಾತ ಬಂದ ಹಡಗು ಯಾವುದು: ಯುದ್ಧಕಾಲದ ಸೈನಿಕ ಹಡಗಿನ ಜಾಡು ಹಿಡಿಯುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ಎಷ್ಟೋ ಮನೆಗಳಲ್ಲಿ ಹಳೆಯ ಟ್ರಂಕಿನ ತಳದಲ್ಲಿ ಒಂದು ಪದಕವೋ, ಮಡಿಕೆಗಳಲ್ಲಿ ಹರಿದುಹೋದ ಒಂದು ಬಿಡುಗಡೆ ಪತ್ರವೋ ಉಳಿದಿರುತ್ತದೆ. ಯುದ್ಧಕ್ಕೆ ಹೋಗಿ ಬಂದರಂತೆ ಎಂಬಲ್ಲಿಗೆ ಮನೆಯವರ ಮಾತು ಮುಗಿಯುತ್ತದೆ. ಆ ಹಿರಿಯರು ಕಡಲು ದಾಟಿದ ಹಡಗಿನ ಹೆಸರು ಸಿಕ್ಕರೆ ಹೊರಟ ಬಂದರು, ತಲುಪಿದ ದೇಶ ಮತ್ತು ತಿಂಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಆದ್ದರಿಂದ ಹಡಗನ್ನು ಹುಡುಕುವ ಕ್ರಮವನ್ನು, ನಮ್ಮ ಮನೆಯಲ್ಲಿ ನಾನು ಪಟ್ಟ ಪಾಡನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಹಿರಿಯರ ಮಾತನ್ನು ಅವರು ಆಡಿದಂತೆಯೇ, ವಿಭಕ್ತಿ ಪ್ರತ್ಯಯವನ್ನೂ ತಿದ್ದದೆ, ಬರೆದುಕೊಳ್ಳುವುದು. ನಮ್ಮ ಅಜ್ಜಿ ತನ್ನ ತಂದೆಯ ವಿಷಯ ಬಂದಾಗಲೆಲ್ಲ “ನಮ್ಮಪ್ಪ ನೇವಾಸದಾಗ ಬಂದ” ಎನ್ನುತ್ತಿದ್ದಳು. ನಾವು ಅದನ್ನು “ನೇವಾಸದಿಂದ ಬಂದ” ಎಂದು ತಿದ್ದಿ ಕೇಳಿಸಿಕೊಂಡೆವು. ಜ್ಞಾನೇಶ್ವರರಿಂದ ಹೆಸರಾದ ಮಹಾರಾಷ್ಟ್ರದ ನೇವಾಸೆ ಊರಿನಲ್ಲಿ ಅವರು ಕೆಲಸಕ್ಕಿದ್ದರೆಂದು ವರ್ಷಗಟ್ಟಲೆ ನಂಬಿದೆವು. ಆದರೆ ನಮ್ಮ ಕಡೆ “ಬಸ್ಸಿನಾಗ ಬಂದ”, “ರೈಲಿನಾಗ ಬಂದ” ಎನ್ನುವಾಗಲೂ ಅದೇ “ದಾಗ”, ಅದೇ “ನಾಗ” ಬರುತ್ತದೆ. ಅಜ್ಜಿ ಹೇಳುತ್ತಿದ್ದುದು ಊರಿನ ಹೆಸರಲ್ಲ, ವಾಹನದ ಹೆಸರು. ನೇವಾಸ ಎಂಬುದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಗಾಗಿ 1913ರಲ್ಲಿ ಗ್ಲಾಸ್ಗೋದಲ್ಲಿ ಕಟ್ಟಿದ, ಸುಮಾರು 9,000 ಟನ್ನಿನ ಹಡಗು.

ಈ ಗೊಂದಲ ನಮ್ಮ ಮನೆಯೊಂದರದ್ದೇ ಅಲ್ಲ ಎಂದು ನನ್ನ ಅಂದಾಜು, ಏಕೆಂದರೆ ಆ ಕಂಪನಿ ತನ್ನ ಹಡಗುಗಳಿಗೆ ಭಾರತದ ಊರುಗಳ ಹೆಸರನ್ನೇ ಹೇರಳವಾಗಿ ಇಟ್ಟಿತ್ತು. ಎಲ್ಲೋರಾ, ದಿಲ್ವಾರಾ, ಕಾರಂಜಾ, ರೋಹ್ನಾ, ಎರಿನ್‌ಪುರ ಇವೆಲ್ಲ ಹಡಗುಗಳು. “ತಾತ ಎರಿನಪುರದಾಗ ಹೋದ” ಎಂಬ ಮಾತು ಕೇಳಿದರೆ ಯಾರಾದರೂ ತಾಲ್ಲೂಕಿನ ನಕ್ಷೆಯನ್ನೇ ಹುಡುಕಿಯಾರು. ಆ ಹಡಗು 1943ರ ಮೇ 1ರಂದು ಮೆಡಿಟರೇನಿಯನ್ ಸಮುದ್ರದಲ್ಲಿ, ಬೆಂಗಾಜಿಯ ಉತ್ತರಕ್ಕೆ, ವಿಮಾನದಾಳಿಗೆ ಸಿಕ್ಕಿ ಕೆಲವೇ ನಿಮಿಷಗಳಲ್ಲಿ ಮುಳುಗಿತು.

ಇವು ಯುದ್ಧನೌಕೆಗಳಲ್ಲ ಎಂಬುದು ನೆನಪಿರಲಿ. ನೌಕಾಪಡೆಯ ಪಟ್ಟಿಯಲ್ಲಿ ಹುಡುಕಿದರೆ ಹೆಸರು ಸಿಗದೆ ನಿರಾಶೆಯಾಗುತ್ತದೆ. ಶಾಂತಿಯ ಕಾಲದಲ್ಲಿ ಸರಕನ್ನೂ ಪ್ರಯಾಣಿಕರನ್ನೂ ಒಯ್ಯುತ್ತಿದ್ದ ಹಡಗುಗಳನ್ನು ಸರ್ಕಾರ ವಶಕ್ಕೆ ಪಡೆದು, ಮೈಗೆಲ್ಲ ಬೂದು ಬಣ್ಣ ಬಳಿದು, ಹಿಂಬದಿಗೆ ತೋಪು ಕೂರಿಸಿ, ಸರಕಿನ ಅಂತಸ್ತುಗಳಲ್ಲಿ ಉದ್ದನೆಯ ಊಟದ ಮೇಜುಗಳನ್ನು ಜೋಡಿಸುತ್ತಿತ್ತು. ರಾತ್ರಿ ಅದೇ ಮೇಜುಗಳ ಮೇಲ್ಗಡೆ ಕೊಕ್ಕೆಗಳಿಗೆ ಬಟ್ಟೆಯ ಜೋಲಿ ಕಟ್ಟಿ ಸಿಪಾಯಿಗಳು ಮಲಗಬೇಕಿತ್ತು. ರೋಹ್ನಾ ಹಡಗು ಯುದ್ಧಕ್ಕೆ ಮುಂಚೆ ಮದ್ರಾಸ್, ನಾಗಪಟ್ಟಣ, ಸಿಂಗಪುರಗಳ ನಡುವೆ ಓಡುತ್ತಿತ್ತು. 1943ರ ನವೆಂಬರ್ 26ರಂದು ಅಲ್ಜೀರಿಯಾದ ಕರಾವಳಿಯಾಚೆ ಜರ್ಮನ್ ವಿಮಾನ ಬಿಟ್ಟ ರೇಡಿಯೊ ನಿಯಂತ್ರಿತ ಬಾಂಬಿಗೆ ಅದು ಬಲಿಯಾದಾಗ ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಜೊತೆಗೆ ನೂರಕ್ಕೂ ಹೆಚ್ಚು ಹಡಗಿನ ಸಿಬ್ಬಂದಿ ಸತ್ತರು. ಆ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರಿದ್ದರೆಂಬುದನ್ನು ನಾವು ಮರೆಯಬಾರದು.

ಮಾತು ಬರೆದುಕೊಂಡ ಮೇಲೆ ಪದಕ ನೋಡಬೇಕು. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್‌ನ ಅಂಚಿನ ದಪ್ಪದ ಮೇಲೆ ನಂಬರು, ಹುದ್ದೆ, ಹೆಸರು ಮತ್ತು ಪಡೆಯನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಬೆಳ್ಳಿಯದಾದರೆ ಸಾಮಾನ್ಯವಾಗಿ ಸಿಪಾಯಿಯದು. ಕಂಚಿನದಾದರೆ ಸೇನೆಯ ಜೊತೆ ಕೂಲಿ, ಅಡುಗೆ, ನೀರು ಹೊರುವ ಕೆಲಸಗಳಿಗೆ ಹೋದವರದು. ದಯವಿಟ್ಟು ಪದಕವನ್ನು ತಿಕ್ಕಬೇಡಿ. ನಮ್ಮ ಮನೆಯದು ಕಂಚಿನ ಪದಕ. ಅದನ್ನು ಪ್ರತಿ ದೀಪಾವಳಿಗೆ ದೇವರ ಪಾತ್ರೆಗಳ ಜೊತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಅಂಚು ನುಣುಪಾಗಿತ್ತು. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಅಂಚಿಗೆ ಸಮಾನಾಂತರವಾಗಿ ಹಿಡಿದು ನಿಧಾನವಾಗಿ ತಿರುಗಿಸಿದಾಗ ನೆರಳಿನಲ್ಲಿ ಮೂರು ಅಂಕಿಗಳೂ ಹೆಸರಿನ ಕೊನೆಯ “ಅಪ್ಪ”ವೂ ಎದ್ದು ಕಂಡವು. ತೆಳು ಕಾಗದ ಸುತ್ತಿ ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದಾಗ ಇನ್ನೊಂದು ಅಂಕಿ ಸಿಕ್ಕಿತು.

ಪಡೆಯನ್ನು ಗುರುತಿಸುವಾಗ ನಮ್ಮ ಸೀಮೆಯ ಚರಿತ್ರೆ ತಿಳಿದಿರಬೇಕು. ಬಳ್ಳಾರಿ ಅಂದು ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು, ಕೊಪ್ಪಳ ಅದೇ ಸಂಸ್ಥಾನದೊಳಗಿನ ಸಾಲಾರ್ ಜಂಗ್ ಜಹಗೀರಾಗಿತ್ತು. ಹಾಗಾಗಿ ಬಳ್ಳಾರಿಯವರು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನೂ, ಉಳಿದವರು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ಪತ್ರಾಗಾರವನ್ನೂ ನೆನೆಯಬೇಕು. ಎರಡನೆಯ ಕಡೆಗೆ ಹೋಗುವಾಗ ಉರ್ದು ಓದಬಲ್ಲವರು ಜೊತೆಗಿದ್ದರೆ ಒಳ್ಳೆಯದು. ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಬ್ರಿಟಿಷ್ ಭಾರತ ಸೇನೆಯ “19ನೇ ಹೈದರಾಬಾದ್ ರೆಜಿಮೆಂಟ್” ಹೆಸರಿಗಷ್ಟೇ ಹೈದರಾಬಾದಿನದು. ಅದರಲ್ಲಿದ್ದವರು ಹೆಚ್ಚಾಗಿ ಕುಮಾವೂನಿಗಳು, ಜಾಟರು, ಅಹೀರರು. 1945ರಲ್ಲಿ ಅದು ಕುಮಾವೂನ್ ರೆಜಿಮೆಂಟ್ ಆಯಿತು. ನಿಜಾಮರ ಸ್ವಂತ ಪಡೆಗಳು ಬೇರೆ: 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಜೊತೆ ಈಜಿಪ್ಟಿಗೆ ಹೋದ ಹೈದರಾಬಾದ್ ಲ್ಯಾನ್ಸರ್ಸ್ ಎಂಬ ಕುದುರೆ ದಳ, 1941ರ ಡಿಸೆಂಬರಿನಲ್ಲಿ ಮಲಯಾದ (ಇಂದಿನ ಮಲೇಷ್ಯಾ) ಕೋಟ ಭಾರು ವಿಮಾನ ನಿಲ್ದಾಣದ ಕಾವಲಿಗಿದ್ದ ಹೈದರಾಬಾದ್ ಪದಾತಿ ದಳ ಇವೆಲ್ಲ ಸಂಸ್ಥಾನದ ಸೇನೆಯವು.

ಹೊರಟ ಬಂದರು ಗೊತ್ತಿಲ್ಲದಿದ್ದರೆ ಮುಂಬೈಯಿಂದ ಹುಡುಕಾಟ ಆರಂಭಿಸಿ. ಮುಂಬೈ ಕಡೆಯ ರೈಲು ಮಾರ್ಗವೂ ಮದ್ರಾಸ್ ಕಡೆಯ ಮಾರ್ಗವೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ. ಬಳ್ಳಾರಿಯವರಿಗೆ ಗುಂತಕಲ್ ಮೂಲಕ ಅದೇ ದಾರಿ.

ಕಾಗದಗಳಲ್ಲಿ ಹಡಗಿನ ಹೆಸರಿನ ಮುಂದಿರುವ ಅಕ್ಷರಗಳನ್ನು ಬಿಡದೆ ಗಮನಿಸಿ. ಎಚ್.ಟಿ. ಅಥವಾ ಎಚ್.ಎಂ.ಟಿ. ಎಂದಿದ್ದರೆ ಸೈನಿಕರನ್ನು ಸಾಗಿಸುವ ಹಡಗು, ಎಚ್.ಎಸ್. ಎಂದಿದ್ದರೆ ಆಸ್ಪತ್ರೆ ಹಡಗು. ಎರಡನೆಯ ಯುದ್ಧದಲ್ಲಿ ಹಡಗುಗಳ ಹಿಂಡಿಗೆ ಸಂಕೇತಾಕ್ಷರಗಳಿದ್ದವು: ಬಿ.ಎಂ. ಎಂದರೆ ಮುಂಬೈಯಿಂದ ಮಲಯಾ, ಬಿ.ಎ. ಎಂದರೆ ಮುಂಬೈಯಿಂದ ಏಡನ್.

ಹೆಸರು ಖಚಿತವಾದ ಮೇಲೆ ಲಾಯ್ಡ್ಸ್ ರಿಜಿಸ್ಟರ್ ಎಂಬ ಹಡಗುಗಳ ವಾರ್ಷಿಕ ಪಟ್ಟಿ ನೋಡಿ. 1930ರಿಂದ 1945ರ ವರೆಗಿನ ಸಂಪುಟಗಳ ಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕಟ್ಟಿದ ವರ್ಷ, ಟನ್ ಅಳತೆ, ಹಿಂದಿನ ಹೆಸರುಗಳು ಅಲ್ಲಿರುತ್ತವೆ. ಹಿಂದಿನ ಹೆಸರು ಮುಖ್ಯ: 1944ರ ಫೆಬ್ರವರಿ 12ರಂದು ಮೊಂಬಾಸಾದಿಂದ ಕೊಲಂಬೊಗೆ ಬರುತ್ತಿದ್ದಾಗ ಜಪಾನಿ ಜಲಾಂತರ್ಗಾಮಿಯ ಹೊಡೆತಕ್ಕೆ ಮುಳುಗಿದ ಖೆದಿವ್ ಇಸ್ಮಾಯಿಲ್ ಹಡಗು ಮೊದಲಿಗೆ ಅಕೊಂಕಾಗುವಾ ಎಂಬ ಹೆಸರಿನಲ್ಲಿ ಚಿಲಿ ದೇಶದ ಕಂಪನಿಯೊಂದರದ್ದಾಗಿತ್ತು. ಬ್ರಿಟಿಷ್ ನೋಂದಣಿಯ ಹಡಗಾದರೆ ಅದರ ಅಧಿಕೃತ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹೆಸರು ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಆ ಮೇಲೆ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದ ಬಿ.ಟಿ. 389 ಸರಣಿಯಲ್ಲಿ 1939ರಿಂದ 1945ರ ವರೆಗೆ ಹಡಗು ಯಾವ ದಿನ ಯಾವ ಬಂದರಿನಲ್ಲಿತ್ತು ಎಂಬ ಕಾರ್ಡುಗಳಿವೆ; ಡಬ್ಲ್ಯು.ಒ. 95 ಸರಣಿಯಲ್ಲಿ ಮೊದಲ ಯುದ್ಧದ ಪಡೆಗಳ ದಿನಚರಿಗಳಿವೆ. ದಿನಚರಿಯಲ್ಲಿ ಹಡಗು ಹತ್ತಿದ ದಿನದ ಪುಟಕ್ಕೇ ನೇರವಾಗಿ ಹೋಗಿ. ಮರಳಿ ಬಾರದವರಿಗಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣವಿದೆ. ಅಲ್ಲಿ ಹೆಸರು ಹಾಕುವಾಗ ಬಸಪ್ಪನನ್ನು ಮೂರು ನಾಲ್ಕು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ನೋಡಬೇಕು.

ಕೊನೆಯದಾಗಿ, ಹಡಗು ಆ ವರ್ಷ ಏನಾಗಿತ್ತೆಂದು ಕೇಳಿಕೊಳ್ಳಿ. ನೇವಾಸ ಹೆಸರಿನ ಹಡಗು ಒಂದೇ ಅಲ್ಲ. ಇನ್ನೊಂದು 1956ರಲ್ಲಿ ಬಂದದ್ದು, ಅದೂ ಸೈನಿಕರನ್ನೇ ಸಾಗಿಸಿತು. ನಮಗೆ ಬೇಕಾದ, 1913ರಲ್ಲಿ ಕಟ್ಟಿದ ಹಡಗು 1915ರಿಂದ 1918ರ ವರೆಗೆ ಆಸ್ಪತ್ರೆ ಹಡಗಾಗಿತ್ತು. ಅಜ್ಜಿಯ ತಂದೆ ಮರಳಿದ್ದು ಆಕೆ ಹುಟ್ಟುವ ಮೊದಲೇ, 1917ರಲ್ಲಿ ಎಂದು ಮನೆಯವರ ಲೆಕ್ಕ. ಹಾಗಾದರೆ ಅವರು ಆ ಹಡಗಿನಲ್ಲಿ ಯುದ್ಧಕ್ಕೆ ಹೋದವರಲ್ಲ. ರೋಗಿಯಾಗಿಯೋ ಗಾಯಾಳುವಾಗಿಯೋ ಮರಳಿದವರು. “ನೇವಾಸದಾಗ ಹೋದ” ಎಂದು ಅಜ್ಜಿ ಒಮ್ಮೆಯೂ ಹೇಳಿರಲಿಲ್ಲ. ಹೇಳಿದಾಗಲೆಲ್ಲ “ಬಂದ” ಎಂದೇ ಹೇಳಿದ್ದಳು.