ಡಸ್ಟ್‌ಬಿನ್ ಕವರ್ ಜಾರದಂತೆ ಕೂರಿಸುವುದು: ನನ್ನ ಅನುಭವ

ಡಸ್ಟ್‌ಬಿನ್ ಒಳಗೆ ಹಾಕಿದ ಕವರ್ ಜಾರಿ ಬೀಳುತ್ತಿದೆ ಎಂದರೆ ಎಲ್ಲರೂ ಮೊದಲು ನೋಡುವುದು ಅಂಚನ್ನು. ಇನ್ನೂ ಬಿಗಿಯಾದ ರಬ್ಬರ್ ಬ್ಯಾಂಡ್, ಇನ್ನೂ ದೊಡ್ಡ ಕ್ಲಿಪ್ ಹುಡುಕುತ್ತಾರೆ. ನಾನು ಮೊದಲು ನೋಡುವುದು ತಳವನ್ನು. ಕವರಿನ ತಳ ಡಬ್ಬಿಯ ತಳಕ್ಕೆ ಮುಟ್ಟಿದೆಯಾ? ಮುಟ್ಟಿಲ್ಲ ಎಂದರೆ ಆ ಕವರ್ ಅಂಚಿನಿಂದ ನೇತಾಡುತ್ತಿದೆ. ಒಳಗೆ ಏನೇ ಬಿದ್ದರೂ ಅದರ ಭಾರ ಅಂಚನ್ನೇ ಎಳೆಯುತ್ತದೆ. ತಳ ಮುಟ್ಟಿದ್ದರೆ ಭಾರವನ್ನು ಡಬ್ಬಿಯೇ ಹೊರುತ್ತದೆ. ಆಗ ಅಂಚಿನಲ್ಲಿ ಸಣ್ಣ ಹಿಡಿತ ಇದ್ದರೂ ಸಾಕು.

ನಾನು ಒಂದು ಕಚೇರಿ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತೇನೆ. ಕ್ಯಾಂಟೀನಿನ ದೊಡ್ಡ ಡಬ್ಬಿ, ಟಾಯ್ಲೆಟ್ಟಿನ ಪೆಡಲ್ ಡಬ್ಬಿ, ಮೇಜಿನ ಕೆಳಗಿನ ಪುಟ್ಟ ಬುಟ್ಟಿ, ಎಲ್ಲ ಥರದವೂ ನಮ್ಮಲ್ಲಿವೆ. ಕವರ್ ಜಾರುವುದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಒಮ್ಮೆ ಜಾರಿದರೆ ಕಸ ಕವರಿನ ಹೊರಗೆ ಬೀಳುತ್ತದೆ. ಕೊಳೆ ನೀರು ಗೋಡೆಗುಂಟ ಇಳಿದು ತಳದಲ್ಲಿ ನಿಲ್ಲುತ್ತದೆ. ಆಮೇಲೆ ಯಾರೋ ಒಬ್ಬರು ಮೊಣಕೈವರೆಗೆ ಕೈ ಇಳಿಸಿ ಅದನ್ನೆಲ್ಲ ಎತ್ತಬೇಕು. ಅದರಲ್ಲಿ ಬ್ಲೇಡು ಇರಬಹುದು, ಒಡೆದ ಗಾಜು ಇರಬಹುದು. ಆ ಕೈ ನನ್ನ ಜೊತೆ ಕೆಲಸ ಮಾಡುವವರದ್ದು. ಅದಕ್ಕೇ ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುತ್ತೇನೆ.

ಮೊದಲ ಕೆಲಸ ಅಳತೆ. ಪ್ಯಾಕೆಟ್ಟಿನ ಮೇಲೆ ‘ಸ್ಮಾಲ್’, ‘ಮೀಡಿಯಂ’ ಎಂದು ಬರೆದಿರುವುದನ್ನು ನಂಬಿ ಕೊಳ್ಳಬೇಡಿ. ಸೆಂಟಿಮೀಟರಿನಲ್ಲೋ ಇಂಚಿನಲ್ಲೋ ಕೊಟ್ಟಿರುವ ಅಗಲ ಮತ್ತು ಉದ್ದ ನೋಡಿ. ಟೇಪ್ ಹಿಡಿದು ಡಬ್ಬಿಯ ಬಾಯಿಯ ಸುತ್ತಳತೆ ತೆಗೆಯಿರಿ. ಚಪ್ಪಟೆಯಾಗಿ ಹಾಸಿದ ಕವರಿನ ಅಗಲ ಆ ಸುತ್ತಳತೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಸುತ್ತಳತೆ 80 ಸೆಂ.ಮೀ. ಇದ್ದರೆ ಅರ್ಧ 40. ಕವರ್ 42ರಿಂದ 44 ಇದ್ದರೆ ಸರಿಯಾಗಿ ಕೂರುತ್ತದೆ. ಅದಕ್ಕಿಂತ ತುಂಬಾ ಅಗಲ ಇದ್ದರೆ ಅಂಚಿನಲ್ಲಿ ನೆರಿಗೆ ಬಿದ್ದು ಸಡಿಲವಾಗುತ್ತದೆ. ಕಡಿಮೆ ಇದ್ದರೆ ಹಿಗ್ಗಿಸಿ ಹಾಕಬೇಕಾಗುತ್ತದೆ, ಸ್ವಲ್ಪ ಹೊತ್ತಿಗೆ ಹಾರಿಕೊಳ್ಳುತ್ತದೆ ಅಥವಾ ಹರಿಯುತ್ತದೆ.

ಉದ್ದದ ಲೆಕ್ಕದಲ್ಲಿ ಒಂದು ಭಾಗವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಡಬ್ಬಿಯ ಎತ್ತರ ಮತ್ತು ಹೊರಗೆ ಮಡಚುವ ಭಾಗ ಇವೆರಡನ್ನೇ ಕೂಡಿಸುತ್ತಾರೆ. ಕವರ್ ಗೋಡೆಯಿಂದ ತಳದ ನಡುವಿನವರೆಗೂ ಹೋಗಬೇಕಲ್ವಾ? ಹಾಗಾಗಿ ಅಗಲದ ಅರ್ಧವನ್ನೂ ಸೇರಿಸಬೇಕು. ಎತ್ತರ 30, ತಳದ ಅಗಲದ ಅರ್ಧ 13, ಹೊರಗೆ ಮಡಚಲು 10. ಒಟ್ಟು 53 ಸೆಂ.ಮೀ. ಬೇಕು. 45 ಸೆಂ.ಮೀ. ಕವರ್ ತಂದರೆ ಬಾಯಿಗೆ ಚೆನ್ನಾಗಿ ಹೊಂದಿಕೊಂಡಂತೆ ಕಾಣುತ್ತದೆ, ಒಳಗೆ ಮಾತ್ರ ತಳ ಮುಟ್ಟದೆ ಗಾಳಿಯಲ್ಲಿ ನಿಂತಿರುತ್ತದೆ. ಸಂಜೆ ಹೊತ್ತಿಗೆ ಜಾರುವುದು ಇಂಥದ್ದೇ.

ಅಳತೆ ಸರಿ ಇದ್ದರೂ ತಳ ಮುಟ್ಟದಿರುವುದಕ್ಕೆ ಇನ್ನೊಂದು ಕಾರಣ ಇದೆ, ಗಾಳಿ. ಕವರನ್ನು ಒಳಗೆ ತಳ್ಳುವಾಗ ಅದರ ಹೊರಗಿರುವ ಗಾಳಿ ಎಲ್ಲಿ ಹೋಗಬೇಕು? ಮೇಲೆ ಅಂಚನ್ನು ಮುಚ್ಚಿಬಿಟ್ಟಿದ್ದೇವೆ, ಕೆಳಗೆ ಡಬ್ಬಿ ಮುಚ್ಚಿದೆ. ಗಾಳಿ ಅಲ್ಲೇ ಸಿಕ್ಕಿಕೊಂಡು ಕವರನ್ನು ಮೇಲಕ್ಕೆ ಉಬ್ಬಿಸುತ್ತದೆ. ಅದರ ಮೇಲೆ ಕಸ ಬಿದ್ದಾಗ ಗಾಳಿ ಬದಿಯಿಂದ ಸ್ವಲ್ಪ ಸ್ವಲ್ಪವೇ ನುಸುಳಿ ಹೊರಬರುತ್ತದೆ, ಹೊರಬರುವಾಗ ಅಂಚಿನ ಹಿಡಿತವನ್ನೂ ಸಡಿಲಿಸುತ್ತದೆ. ಅದೇ ಹೊತ್ತಿಗೆ ಭಾರ ಕೆಳಗೆ ಎಳೆಯುತ್ತದೆ. ಎರಡೂ ಸೇರಿದರೆ ಯಾವ ಕ್ಲಿಪ್ಪೂ ನಿಲ್ಲುವುದಿಲ್ಲ.

ಇದಕ್ಕೆ ನಾನು ಮಾಡಿರುವುದು ತೂತು. ಡಬ್ಬಿಯ ಗೋಡೆಯಲ್ಲಿ, ತಳದಿಂದ ಮೂರ್ನಾಲ್ಕು ಸೆಂ.ಮೀ. ಮೇಲೆ, ಎದುರುಬದುರಾಗಿ ಎರಡೆರಡು ತೂತು. 6ರಿಂದ 8 ಮಿ.ಮೀ. ಡ್ರಿಲ್ ಬಿಟ್ ಸಾಕು. ತಳದಲ್ಲೇ ಕೊರೆಯಬಾರದು, ಕವರ್ ಸೋರಿದರೆ ನೆಲಕ್ಕೆ ಹರಿಯುತ್ತದೆ. ಕೊರೆದ ಮೇಲೆ ಒಳಗಡೆ ಎದ್ದಿರುವ ಪ್ಲಾಸ್ಟಿಕ್ ಮುಳ್ಳುಗಳನ್ನು ಚಾಕುವಿನಿಂದ ಕೆರೆದು, ಬೆರಳಾಡಿಸಿ ನೋಡಿ. ಅದನ್ನು ಬಿಟ್ಟರೆ ಮುಳ್ಳೇ ಕವರನ್ನು ಚುಚ್ಚುತ್ತದೆ. ಇಷ್ಟು ಮಾಡಿದ ಡಬ್ಬಿಯಲ್ಲಿ ಕವರ್ ತಾನಾಗಿಯೇ ಗೋಡೆಗೆ ಅಂಟಿಕೊಂಡಂತೆ ಇಳಿಯುತ್ತದೆ.

ತೂತಿನ ದೊಡ್ಡ ಲಾಭ ಗೊತ್ತಾಗುವುದು ಕವರ್ ತೆಗೆಯುವಾಗ. ತುಂಬಿದ ಕವರನ್ನು ಮೇಲೆತ್ತಿದರೆ ಕೆಳಗೆ ಜಾಗ ಉಂಟಾಗುತ್ತದೆ, ಅಲ್ಲಿಗೆ ಗಾಳಿ ಹೋಗಲು ದಾರಿ ಇರುವುದಿಲ್ಲ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತುತ್ತಿರುತ್ತದೆ. 25 ಸೆಂ.ಮೀ. ಅಗಲದ ದುಂಡು ಡಬ್ಬಿಯ ತಳ ಸುಮಾರು 490 ಚದರ ಸೆಂ.ಮೀ. ಕೆಳಗಿನ ಒತ್ತಡ ನೂರರಲ್ಲಿ ಒಂದು ಪಾಲು ಕಡಿಮೆಯಾದರೂ ಕಸದ ಭಾರದ ಜೊತೆಗೆ ಇನ್ನೂ ಐದು ಕಿಲೋ ಎಳೆತ ಸೇರುತ್ತದೆ. ಕವರ್ ಹರಿಯುವುದು ಆ ಕ್ಷಣದಲ್ಲೇ. ಬೆನ್ನು ನೋವು ಬರುವುದೂ ಹೀಗೆ ಎಳೆದಾಡುವುದರಿಂದಲೇ. ತೂತು ಇದ್ದರೆ ಕವರ್ ಸಲೀಸಾಗಿ ಮೇಲೆ ಬರುತ್ತದೆ.

ಸ್ಟೀಲ್ ಡಬ್ಬಿಗೆ, ಅಥವಾ ಕೊರೆಯಲು ಒಪ್ಪಿಗೆ ಇಲ್ಲದ ಡಬ್ಬಿಗೆ, ಗೋಡೆಯ ಪಕ್ಕ ಒಂದು ತೆಳು ಪೈಪ್ ನಿಲ್ಲಿಸುತ್ತೇನೆ. ಬೆರಳು ದಪ್ಪದ ಪೈಪಿನ ತುಂಡು, ತಳದಿಂದ ಅಂಚಿನ ಸ್ವಲ್ಪ ಕೆಳಗಿನವರೆಗೆ. ಕವರ್ ಅದರ ಮೇಲೆ ಹಾಯುತ್ತದೆ. ಇಳಿಸುವಾಗ ಪೈಪ್ ಇರುವ ಕಡೆಯ ಅಂಚನ್ನು ಕೊನೆಯಲ್ಲಿ ಮಡಚಬೇಕು, ತೆಗೆಯುವಾಗ ಅದೇ ಕಡೆ ಮೊದಲು ಬಿಡಿಸಬೇಕು. ಅಷ್ಟರಲ್ಲೇ ಗಾಳಿಗೆ ದಾರಿ ಸಿಗುತ್ತದೆ.

ಇನ್ನು ಅಂಚಿನ ವಿಷಯ. ಕಸದ ಕವರ್ ಪಾಲಿಥೀನ್. ಅದು ಮೊದಲೇ ನುಣುಪು. ಅದರ ಜೊತೆಗೆ, ಕವರಿನ ಎರಡು ಪದರ ಒಂದಕ್ಕೊಂದು ಅಂಟದೆ ಸುಲಭವಾಗಿ ಬಿಚ್ಚಿಕೊಳ್ಳಲಿ ಎಂದು ತಯಾರಿಸುವಾಗಲೇ ಎರುಕಮೈಡ್‌ನಂಥ ಜಾರಿಸುವ ವಸ್ತುವನ್ನು ಬೆರೆಸುವುದುಂಟು. ಅದು ನಿಧಾನವಾಗಿ ಮೇಲ್ಮೈಗೆ ಬಂದು ಕೂರುತ್ತದೆ. ಅಂದರೆ ರೋಲಿನಿಂದ ಹರಿದ ತಕ್ಷಣ ಸುಲಭವಾಗಿ ಬಿಚ್ಚಿಕೊಳ್ಳುವ ಕವರ್, ಅಂಚಿನ ಮೇಲೂ ಅಷ್ಟೇ ಸುಲಭವಾಗಿ ಜಾರುತ್ತದೆ. ಡಬ್ಬಿಯ ಅಂಚಿನಲ್ಲಿ ಜಿಡ್ಡು ಇದ್ದರಂತೂ ಕೇಳುವುದೇ ಬೇಡ. ಹೊಸ ಕವರ್ ಹಾಕುವ ಮೊದಲು ಒಣ ಬಟ್ಟೆಯಿಂದ ಅಂಚನ್ನು ಒಂದು ಸುತ್ತು ಒರೆಸುವುದು ನಮ್ಮಲ್ಲಿ ಕಡ್ಡಾಯ. ಟೇಪ್ ಅಂಟಿಸುವುದನ್ನೂ ಕೆಲವರು ಮಾಡುತ್ತಾರೆ. ಪಾಲಿಥೀನಿಗೆ ಸಾಮಾನ್ಯ ಅಂಟು ಸರಿಯಾಗಿ ಹಿಡಿಯುವುದಿಲ್ಲ. ತುಂಬಾ ಡಬ್ಬಿಗಳು ಪಾಲಿಪ್ರೊಪಿಲೀನ್, ಅದೂ ಹಾಗೆಯೇ. ಟೇಪ್ ಹಣ ದಂಡ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಗಂಟನ್ನು. ಖರ್ಚಿಲ್ಲ, ಬೇರೆ ಸಾಮಾನು ಬೇಡ, ಕವರ್ ಜೊತೆಗೇ ಹೋಗುತ್ತದೆ. ಕವರನ್ನು ಅಂಚಿನ ಹೊರಗೆ ಮಡಚಿ, ಸುತ್ತಲೂ ನೇರ ಮಾಡಿ. ಉಳಿದಿರುವ ಸಡಿಲನ್ನೆಲ್ಲ ಒಂದೇ ಕಡೆಗೆ ಎಳೆದು ತನ್ನಿ. ಅಲ್ಲಿ ಸೇರಿದ ನೆರಿಗೆಯನ್ನು ಬೆರಳುಗಳಿಂದ ಹಿಡಿದು ಎರಡು ಮೂರು ಸಲ ತಿರುಚಿ, ಅದರಲ್ಲೇ ಒಂದು ಗಂಟು ಹಾಕಿ. ಗಂಟು ಅಂಚಿನ ಉಬ್ಬಿನ ಕೆಳಗೆ ಬರಬೇಕು, ಮೇಲೆ ಬಂದರೆ ಏರಿಕೊಂಡು ಬಿಚ್ಚಿಹೋಗುತ್ತದೆ. ಗಂಟು ತೀರಾ ಬಿಗಿಯಾದರೆ ಅದರ ಬುಡದಲ್ಲೇ ಕವರ್ ಸೀಳುತ್ತದೆ. ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಕವರ್ ಸ್ವಲ್ಪ ದೊಡ್ಡದಾಗಿದ್ದರೆ ತೊಂದರೆ ಇಲ್ಲ, ಗಂಟು ಆ ಹೆಚ್ಚಳವನ್ನು ನುಂಗಿಕೊಳ್ಳುತ್ತದೆ. ಅಳತೆಯಲ್ಲಿ ಎರಡರಿಂದ ನಾಲ್ಕು ಸೆಂ.ಮೀ. ಜಾಸ್ತಿ ಇರಲಿ ಎಂದು ನಾನು ಹೇಳಿದ್ದು ಇದಕ್ಕೇ.

‘ಅಕ್ಕಾ, ರಬ್ಬರ್ ಬ್ಯಾಂಡ್ ಹಾಕಿದ್ರೂ ನಿಲ್ತಿಲ್ಲ’ ಎಂದು ನಮ್ಮ ಹುಡುಗರು ಹೇಳುವುದು ಯಾವಾಗಲೂ ಚೌಕಾಕಾರದ ಡಬ್ಬಿಯ ವಿಷಯದಲ್ಲಿ. ಕಾರಣ ಸರಳ. ಬಿಗಿದ ರಬ್ಬರ್ ಎಲ್ಲಿ ಬಾಗುತ್ತದೋ ಅಲ್ಲಿ ಮಾತ್ರ ಒತ್ತುತ್ತದೆ. ದುಂಡು ಡಬ್ಬಿಯಲ್ಲಿ ಸುತ್ತಲೂ ಬಾಗಿರುತ್ತದೆ, ಹಾಗಾಗಿ ಎಲ್ಲ ಕಡೆ ಒಂದೇ ಸಮ ಹಿಡಿತ. ಚೌಕ ಡಬ್ಬಿಯಲ್ಲಿ ನಾಲ್ಕು ಮೂಲೆಯಲ್ಲಿ ಮಾತ್ರ ಒತ್ತಿ, ನೇರ ಬದಿಗಳಲ್ಲಿ ಸುಮ್ನೆ ಹಾದುಹೋಗುತ್ತದೆ. ಕವರ್ ಆ ನೇರ ಬದಿಯ ನಡುವಿನಿಂದ ಒಳಗೆ ಸರಿಯುತ್ತದೆ. ಅಂಥ ಡಬ್ಬಿಗೆ ಎದುರುಬದುರು ಎರಡು ಮೂಲೆಗಳಲ್ಲಿ ಗಂಟು ಹಾಕಿ, ಉದ್ದ ಬದಿಗಳ ನಡುವೆ ಒಂದೊಂದು ಕ್ಲಿಪ್ ಹಾಕಿಸುತ್ತೇನೆ. ಅಂಚು ತೆಳುವಾಗಿದ್ದರೆ ಬಟ್ಟೆ ಕ್ಲಿಪ್ಪೇ ಸಾಕು, ದಪ್ಪ ಇದ್ದರೆ ಬೈಂಡರ್ ಕ್ಲಿಪ್. ಬರೀ ಕ್ಲಿಪ್ ಮೇಲೆ ಕವರನ್ನು ನಿಲ್ಲಿಸಬೇಡಿ. ಭಾರವೆಲ್ಲ ಆ ಒಂದೊಂದು ಜಾಗಕ್ಕೆ ಬಿದ್ದು ಅಲ್ಲಿಂದಲೇ ಹರಿಯುತ್ತದೆ.

ದುಂಡು ಡಬ್ಬಿಗೆ ಬ್ಯಾಂಡ್ ಬೇಕೆಂದರೆ ಹಳೆಯ ವಾಹನದ ಟ್ಯೂಬ್ ನನ್ನ ಆಯ್ಕೆ. ಸಾಮಾನ್ಯ ರಬ್ಬರ್ ಬ್ಯಾಂಡ್ ಬಿಸಿಲಿಗೆ, ಗಾಳಿಗೆ ಬೇಗ ಒಣಗಿ ಬಿರುಕು ಬಿಡುತ್ತದೆ. ಟ್ಯೂಬುಗಳು ಹೆಚ್ಚಾಗಿ ಬ್ಯುಟೈಲ್ ರಬ್ಬರ್, ಅದು ತುಂಬಾ ಕಾಲ ತಡೆಯುತ್ತದೆ. ಎರಡು ಬೆರಳಗಲದ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ, ಡಬ್ಬಿಯ ಸುತ್ತಳತೆಗಿಂತ ಐದರಲ್ಲೊಂದು ಪಾಲು ಕಡಿಮೆ ಬರುವಂತೆ ಗಂಟು ಹಾಕಿ ಬಳೆ ಮಾಡಿ. ಅಗಲ ಇರುವುದರಿಂದ ಕವರನ್ನು ಕೊರೆಯುವುದಿಲ್ಲ, ತೊಳೆಯಲೂ ಬರುತ್ತದೆ. ಇದನ್ನೂ ಅಂಚಿನ ಉಬ್ಬಿನ ಕೆಳಗೇ ಕೂರಿಸಬೇಕು. ಹಳೆಯ ಬಟ್ಟೆಯ ಸೊಂಟದ ಎಲಾಸ್ಟಿಕ್ಕೂ ಆಗುತ್ತದೆ, ಆದರೆ ಕೊಳೆ ನೀರು ಹೀರಿಕೊಂಡು ನಾರುತ್ತದೆ. ಒಣ ಕಸಕ್ಕೆ ಮಾತ್ರ ಇರಲಿ.

ಪೆಡಲ್ ಡಬ್ಬಿಯಲ್ಲಿ ಒಳಗೊಂದು ಬಕೆಟ್ ಇರುತ್ತದೆ. ಕವರ್ ಹಾಕಬೇಕಾದ್ದು ಆ ಬಕೆಟ್ಟಿಗೆ. ಅದನ್ನು ಹೊರಗೆ ತೆಗೆದು, ಹಿಡಿಕೆ ಹೊರಗೆ ಉಳಿಯುವಂತೆ ಕವರ್ ಮಡಚಿ, ಮತ್ತೆ ಒಳಗಿಡಿ. ಬಕೆಟ್ಟಿಗೂ ಹೊರಡಬ್ಬಿಗೂ ನಡುವಿನ ಕಿರಿದಾದ ಸಂದಿಯೇ ಕವರನ್ನು ಹಿಡಿದುಕೊಳ್ಳುತ್ತದೆ. ಗಂಟು ಕೀಲು ಇರುವ ಕಡೆ ಬಂದರೆ ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ, ಪಕ್ಕಕ್ಕೆ ತನ್ನಿ. ದಾರ ಇರುವ ಕವರ್ ಆದರೆ ಕೆಲಸ ಇನ್ನೂ ಸುಲಭ. ಅಂಚಿನ ಮೇಲೆ ಮಡಚಿ ದಾರವನ್ನು ಎರಡೂ ಕಡೆಯಿಂದ ಎಳೆದರೆ ಅದೇ ಬಿಗಿಯುತ್ತದೆ.

ಗೊಬ್ಬರವಾಗುವ ಕವರುಗಳ ಬಗ್ಗೆ ಒಂದು ಮಾತು. ನನಗೆ ಅವು ಇಷ್ಟ, ಹಸಿ ಕಸಕ್ಕೆ ಅವನ್ನೇ ಬಳಸುತ್ತೇವೆ. ಆದರೆ ತೇವ ತಾಗಿದಂತೆ ಅವು ಮೆತ್ತಗಾಗುತ್ತವೆ. ಕ್ಲಿಪ್ ಹಾಕಿದ ಜಾಗದಲ್ಲಿ, ಬಿಗಿ ಗಂಟಿನ ಬುಡದಲ್ಲಿ ಸೀಳಿಬಿಡುತ್ತವೆ. ಅಂಥದ್ದಕ್ಕೆ ಅಗಲ ಟ್ಯೂಬ್ ಪಟ್ಟಿಯೇ ಸರಿ. ತಳದಲ್ಲಿ ಮಡಚಿದ ಹಳೆಯ ಪೇಪರ್ ಇಟ್ಟರೆ ನೀರು ಹೀರುತ್ತದೆ, ಮೊದಲ ಹೊಡೆತವನ್ನೂ ತಾಳುತ್ತದೆ. ಹಿಡಿದಾಗ ಸರಸರ ಸದ್ದು ಮಾಡುವ ತೆಳು ಕವರನ್ನು ಚೂಪಾದ ಕಸಕ್ಕೆ ಬಳಸಬೇಡಿ. ಅದು ಭಾರ ತಡೆಯುತ್ತದೆ, ಒಮ್ಮೆ ಚುಚ್ಚಿಕೊಂಡರೆ ಮಾತ್ರ ಉದ್ದಕ್ಕೂ ಸೀಳುತ್ತದೆ. ಮೆತ್ತಗೆ ಹಿಗ್ಗುವ ಕವರ್ ಅಲ್ಲಿಗೆ ಒಳ್ಳೆಯದು.

ಕಸ ಹಾಕುವವರೂ ಸ್ವಲ್ಪ ನೋಡಬೇಕು. ಜಾಗ ಮಾಡಲು ಕಸವನ್ನು ಕೈಯಿಂದ ಒತ್ತಿದರೆ ಬದಿಯ ಕವರೂ ಜೊತೆಗೆ ಕೆಳಗೆ ಹೋಗುತ್ತದೆ. ಒತ್ತಲೇಬೇಕಾದರೆ ಇನ್ನೊಂದು ಕೈಯಲ್ಲಿ ಅಂಚು ಹಿಡಿದುಕೊಳ್ಳಿ. ಮುಕ್ಕಾಲು ತುಂಬಿದ ಮೇಲೆ ಬದಲಾಯಿಸುವುದು ಒಳ್ಳೆಯದು, ಆಗ ಕಟ್ಟಲು ಬಾಯಿ ಉಳಿದಿರುತ್ತದೆ.

ತೆಗೆಯುವಾಗ ನಾವು ಕವರನ್ನು ಡಬ್ಬಿಯೊಳಗೇ ಕಟ್ಟುತ್ತೇವೆ. ಬ್ಯಾಂಡ್ ಬಿಚ್ಚಿ, ಒಂದು ಬದಿಯನ್ನು ಸ್ವಲ್ಪ ಒಳಕ್ಕೆ ಎಳೆದು ಗಾಳಿ ಹೋಗಲು ಬಿಟ್ಟು, ಬಾಯಿ ಸೇರಿಸಿ ತಿರುಚಿ ಗಂಟು ಹಾಕಿದ ಮೇಲೆಯೇ ಎತ್ತುವುದು. ಮುಂದಿನ ಕವರುಗಳನ್ನು ಡಬ್ಬಿಯ ತಳದಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಒಂದು ಕವರ್ ಸೋರಿದರೆ ಕಟ್ಟು ಪೂರ್ತಿ ಹಾಳು, ಜೊತೆಗೆ ಗಾಳಿಯ ತೂತುಗಳೂ ಮುಚ್ಚಿಹೋಗುತ್ತವೆ.

ಮೇಜಿನ ಕೆಳಗಿನ ಬುಟ್ಟಿಗಳಿಗೆ ಈಗ ನಾವು ಕವರ್ ಹಾಕುವುದೇ ಇಲ್ಲ. ಅಲ್ಲಿ ಬೀಳುವುದು ಕಾಗದ ಮಾತ್ರ. ಬುಟ್ಟಿಯನ್ನು ಹಾಗೇ ದೊಡ್ಡ ಚೀಲಕ್ಕೆ ಸುರಿದು, ಒಳಗೆ ಒಮ್ಮೆ ಒರೆಸಿ, ಮತ್ತೆ ಅದರ ಜಾಗಕ್ಕೆ ಇಡುತ್ತೇವೆ.